ಒಂದೇ ಲೆಕ್ಕ, ಮೂರು ಸಂಖ್ಯೆ: ಏಳನೇ ಕ್ಲಾಸಿನ ಗಣಿತದಲ್ಲಿ ನನ್ನ ಅನುಭವ

ಮೂರು ವರ್ಷ ಸ್ಟಾಫ್ ರೂಮಿನಲ್ಲಿ ನನ್ನ ಲೆಕ್ಕದ ಕಾರ್ಡಿನ ಡಬ್ಬಿ ನೋಡಿ ನಗಾಡಿದವರೇ ಈ ಮಾರ್ಚಿನಲ್ಲಿ ಬಂದು "ಟೀಚರೇ, ಆ ಡಬ್ಬಿ ಒಮ್ಮೆ ಕೊಡಿ, ಜೆರಾಕ್ಸ್ ಮಾಡಿ ವಾಪಸ್ ಕೊಡ್ತೇನೆ" ಅಂತ ಕೇಳಿದ್ರು. ಹಾಗಾಗಿ ರಜೆಯಲ್ಲಿ ಕೂತು ಬರೀತಾ ಇದ್ದೇನೆ. ಡಿಫರೆನ್ಷಿಯೇಟೆಡ್ ಇನ್‌ಸ್ಟ್ರಕ್ಷನ್ (ಒಂದೇ ಕ್ಲಾಸಿನ ಬೇರೆ ಬೇರೆ ಮಟ್ಟದ ಮಕ್ಕಳಿಗೆ ಅವರವರಿಗೆ ತಕ್ಕ ಹಾಗೆ ಕಲಿಸುದು) ಅಂದ್ರೆ ಎಂತ ಅಂತ ನಿಮಗೆಲ್ಲ ಗೊತ್ತುಂಟು, ಟ್ರೈನಿಂಗಿನಲ್ಲಿ ಕೇಳಿ ಕೇಳಿ ಸಾಕಾಗಿದೆ, ಅದನ್ನು ಮತ್ತೆ ಹೇಳುದಿಲ್ಲ. 40 ನಿಮಿಷದ ಪೀರಿಯಡ್‌ನಲ್ಲಿ, ಒಬ್ಬಳೇ, ಮೂವತ್ತು ಮಕ್ಕಳನ್ನು ಇಟ್ಟುಕೊಂಡು ಅದು ಹೇಗೆ ಹಾಳಾಯ್ತು, ಮತ್ತೆ ಹೇಗೆ ಸರಿಯಾಯ್ತು ಅಂತ ಮಾತ್ರ ಹೇಳ್ತೇನೆ.

ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಬದಿಯಡ್ಕದಿಂದ ಪೆರ್ಲದ ಕಡೆಗೆ ಹೋಗುವಾಗ ಒಳಗೆ ಸಿಗುವ ಕನ್ನಡ ಮೀಡಿಯಂ ಯು.ಪಿ. (ಅಪ್ಪರ್ ಪ್ರೈಮರಿ) ಶಾಲೆ. ಕ್ಲಾಸಿನಲ್ಲಿ ತುಳು, ಮಲಯಾಳ, ಹವ್ಯಕ, ಕರಾಡ ಮರಾಠಿ, ಬ್ಯಾರಿ ಎಲ್ಲ ಉಂಟು. 2022ರ ಜೂನ್‌ನಲ್ಲಿ ನನಗೆ ಸಿಕ್ಕಿದ ಏಳನೇ ಕ್ಲಾಸ್ ಅಂದ್ರೆ ಐದನೇ ಕ್ಲಾಸನ್ನು ಪೂರ್ತಿ ಫೋನು ಮತ್ತು ಕೇರಳ ಸರ್ಕಾರದ ಪಾಠದ ಟಿ.ವಿ. ಚಾನೆಲ್ ವಿಕ್ಟರ್ಸ್‌ನಲ್ಲೇ ಕಲಿತ ಮಕ್ಕಳು, ಆರನೇಯಲ್ಲಿ ಶಾಲೆ ತೆರೆದದ್ದೇ 2021ರ ನವೆಂಬರಿಗೆ. ಕೆಲವರಿಗೆ ಅಪ್ಪ ಅಮ್ಮ ಮನೆಯಲ್ಲೇ ಹೇಳಿಕೊಟ್ಟಿದ್ರು, ಕೆಲವರಿಗೆ ಫೋನಿಗೆ ರೇಂಜೇ ಸಿಗ್ತಿರಲಿಲ್ಲ, ಅಂಥ 31 ಮಕ್ಕಳು ಒಂದೇ ರೂಮಿನಲ್ಲಿ.

ಶುರುವಾದದ್ದು ಯಾವ ಟ್ರೈನಿಂಗಿನಿಂದಲೂ ಅಲ್ಲ, ಮಳೆಯಿಂದ. ನಮ್ಮ ಏಳನೇ ಕ್ಲಾಸಿಗೆ ಶೀಟ್ ಹಾಕಿದ ಮಾಡು. ಜೂನ್ ಜುಲೈಯಲ್ಲಿ ಮಳೆ ಹಿಡಿದ್ರೆ ನಾನು ಬೊಬ್ಬೆ ಹೊಡೆದ್ರೂ ಎರಡನೇ ಬೆಂಚಿಗೆ ಕೇಳುದಿಲ್ಲ. ಕಲೆಕ್ಟರ್ ರಜೆ ಕೊಟ್ಟ ದಿನ ಬಿಟ್ರೆ ಉಳಿದ ದಿನ ಎಂತ ಮಾಡುದು? ಹಳೆಯ ಮದುವೆ ಕಾಗದಗಳ ಹಿಂದೆ ಲೆಕ್ಕ ಬರೆದು ಬೆಂಚಿಗೊಂದು ಇಟ್ಟೆ, ನಾನು ಬೆಂಚಿನಿಂದ ಬೆಂಚಿಗೆ ಹೋಗಿ ಕಿವಿಯ ಹತ್ತಿರ ಹೇಳಿದೆ. ಆಗ ಗೊತ್ತಾಯ್ತು, ಬೋರ್ಡಿನ ಹತ್ತಿರ ನಿಂತು ಇಷ್ಟು ವರ್ಷ ನಾನು ಪಾಠ ಮಾಡಿದ್ದು ಎದುರಿನ ಆರೇಳು ಮಕ್ಕಳಿಗೆ ಮಾತ್ರ ಅಂತ.

ಮೊದಲ ವರ್ಷ ಎಲ್ಲರೂ ಮಾಡುವ ತಪ್ಪನ್ನೇ ನಾನೂ ಮಾಡಿದೆ. ಒಂದು ಟೆಸ್ಟ್ ಕೊಟ್ಟು ಮಕ್ಕಳನ್ನು ಮೂರು ಗುಂಪು ಮಾಡಿದೆ. ಎ, ಬಿ, ಸಿ ಅಂದ್ರೆ ಬೇಜಾರಾಗ್ತದೆ ಅಂತ ನವಿಲು, ಗಿಳಿ, ಗುಬ್ಬಚ್ಚಿ ಅಂತ ಹೆಸರಿಟ್ಟೆ. ಎರಡೇ ದಿನದಲ್ಲಿ ಮಕ್ಕಳಿಗೆ ಗೊತ್ತಾಯ್ತು ಗುಬ್ಬಚ್ಚಿ ಅಂದ್ರೆ ದಡ್ಡರು ಅಂತ. ಕ್ಲಾಸ್ ಪಿ.ಟಿ.ಎ.ಗೆ (ಅಪ್ಪ ಅಮ್ಮಂದಿರ ಮೀಟಿಂಗಿಗೆ) ಬಂದ ಒಬ್ರು ಅಪ್ಪ, ಅಡಿಕೆ ಸುಲಿಯುವ ಕೆಲಸಕ್ಕೆ ಹೋಗುವವರು, ಎಲ್ಲರ ಎದುರು ಕೇಳಿದ್ರು, "ಟೀಚರೇ, ನನ್ನ ಮಗನನ್ನು ಕೋಕಕ್ಕೆ ಹಾಕಿದ್ದೀರಂತೆ ಹೌದಾ?" ನಮ್ಮ ಕಡೆಯವರಿಗೆ ಬಿಡಿಸಿ ಹೇಳ್ಬೇಕಾಗಿಲ್ಲ, ಚಾಲಿ ಅಡಿಕೆ ಹೆಕ್ಕುವಾಗ ಒಳ್ಳೆಯದು ಒಂದು ಗೋಣಿಗೆ, ಪಟೋರ ಒಂದಕ್ಕೆ, ಉಳ್ಳಿ ಒಂದಕ್ಕೆ, ಕಡೆಗೆ ಉಳಿದದ್ದು ಕೋಕ. ಅಡಿಕೆ ಒಮ್ಮೆ ಕೋಕಕ್ಕೆ ಬಿದ್ರೆ ಮತ್ತೆ ಮೇಲೆ ಬರುದುಂಟಾ? ಆ ಮನುಷ್ಯ ಕೇಳಿದ್ದು ಸರಿಯೇ ಇತ್ತು. ನಾನು ಉತ್ತರ ಕೊಡ್ಲಿಲ್ಲ, ಮನೆಗೆ ಬಂದು ಸ್ವಲ್ಪ ಅತ್ತೆ ಕೂಡ.

ದುಡ್ಡಿನ ಕಥೆ ಬೇರೆ. ದಿನಕ್ಕೆ ಮೂರು ತರದ ವರ್ಕ್‌ಶೀಟ್, ಜೆರಾಕ್ಸಿಗೆ ಪುಟಕ್ಕೆ 2 ರೂಪಾಯಿ, ಮೊದಲ ಟರ್ಮಿನ ಓಣಂ ಪರೀಕ್ಷೆಗೆ ಮೊದಲೇ ಎರಡೂವರೆ ಸಾವಿರದ ಹತ್ತಿರ ಹೋಯ್ತು. ಲ್ಯಾಮಿನೇಷನ್ ಅಂತ ಇನ್ನೂ ಎಂಟುನೂರೋ ಒಂಬೈನೂರೋ. ಎಲ್ಲ ನನ್ನ ಕೈಯಿಂದಲೇ. ರಾತ್ರಿ 11ರವರೆಗೆ ಶೀಟ್ ಬರೆದು ಬರೆದು ಬೆನ್ನು ನೋವು, ನಮ್ಮ ಯಜಮಾನ್ರು "ಸಂಬಳ ಶಾಲೆ ಕೊಡುದಾ ನೀನೇ ಶಾಲೆಗೆ ಕೊಡುದಾ" ಅಂತ ಕೇಳಿದ್ರು. ಅಷ್ಟು ಮಾಡಿಯೂ ಕ್ರಿಸ್ಮಸ್ ಪರೀಕ್ಷೆಯಲ್ಲಿ ಎಲ್ಲಕ್ಕಿಂತ ಕೆಳಗಿನ ಇ ಗ್ರೇಡಿನವರು ಹತ್ತೋ ಹನ್ನೊಂದೋ ಇದ್ರು. ಯಾಕೆ ಅಂದ್ರೆ ಗುಬ್ಬಚ್ಚಿಗಳಿಗೆ ಇಡೀ ವರ್ಷ ಸುಲಭದ ಲೆಕ್ಕವೇ ಸಿಕ್ಕಿತು, ಏಳನೇ ಕ್ಲಾಸಿನ ಲೆಕ್ಕದ ಮುಖವನ್ನೇ ಅವರು ನೋಡ್ಲಿಲ್ಲ. ಹಿರಿಯ ಮಾಷ್ಟ್ರು ಒಬ್ರು ಹೇಳಿದ್ರು, "ಇದೆಲ್ಲ ಟ್ರೈನಿಂಗಿನಲ್ಲಿ ಹೇಳ್ಲಿಕ್ಕೆ ಚಂದ, ಮಗ್ಗಿ ಬಾಯಿಪಾಠ ಮಾಡಿಸಿ, ಸಾಕು."

ಎರಡನೇ ವರ್ಷ ಚುರುಕಿನ ಮಕ್ಕಳನ್ನು ಲೀಡರ್ ಮಾಡಿ ಉಳಿದವರಿಗೆ ಹೇಳಿಕೊಡ್ಲಿಕ್ಕೆ ಬಿಟ್ಟೆ, ಅದೂ ಬಿದ್ದು ಹೋಯ್ತು. ಅವರು ಹೇಳಿಕೊಡುದಿಲ್ಲ, ಉತ್ತರ ಹೇಳ್ತಾರೆ ಅಷ್ಟೆ. ಒಬ್ಬಳ ಅಮ್ಮ ಫೋನ್ ಮಾಡಿ "ನನ್ನ ಮಗಳು ಯು.ಎಸ್.ಎಸ್. ಸ್ಕಾಲರ್‌ಶಿಪ್ ಪರೀಕ್ಷೆಗೆ ಕೂರುವವಳು, ಅವಳು ನಿಮ್ಮ ಕೆಲಸ ಮಾಡ್ಲಿಕ್ಕೆ ಬರುದಾ" ಅಂತ ಕೇಳಿದ್ರು. ಇನ್ನೊಂದು ನನಗೆ ತಡವಾಗಿ ಗೊತ್ತಾದದ್ದು. ಬೇಗ ಮುಗಿಸಿದವರಿಗೆ ಇನ್ನೂ ಹತ್ತು ಲೆಕ್ಕ ಕೊಡ್ತಿದ್ದೆ, ಅವರು ಮುಗಿದ್ರೂ ಮುಗಿಯದ ಹಾಗೆ ಪೆನ್ಸಿಲ್ ಕೆತ್ತುತ್ತಾ ಕೂರ್ಲಿಕ್ಕೆ ಶುರು ಮಾಡಿದ್ರು. ಪಾಪ, ಕೆಲಸ ಮುಗಿಸಿದ್ದಕ್ಕೆ ಶಿಕ್ಷೆ ಯಾರಿಗೆ ಬೇಕು.

ಸರಿಯಾದದ್ದು 2024ರಲ್ಲಿ. ಆ ವರ್ಷ ಏಳನೇಯ ಪಾಠ ಪುಸ್ತಕವೂ ಹೊಸತು ಬಂತು, ಹಳೆಯ ಶೀಟೆಲ್ಲ ಹೇಗೂ ವೇಸ್ಟ್ ಆಯ್ತು, ಹಾಗಾದ್ರೆ ಪೂರ್ತಿ ಹೊಸತಾಗಿ ಮಾಡುವ ಅಂತ ಹೊರಟೆ. ಬದಲಾಯಿಸಿದ್ದು ಎರಡೇ.

ಒಂದು, ಮಕ್ಕಳನ್ನು ಗುಂಪು ಮಾಡುದು ಬಿಟ್ಟು ತಪ್ಪುಗಳನ್ನು ಗುಂಪು ಮಾಡಿದೆ. ಹೊಸ ವಿಷಯ ಶುರು ಮಾಡುವ ಹಿಂದಿನ ದಿನ ಕಡೆಯ ಐದು ನಿಮಿಷ ಒಂದು ಚೀಟಿ, ಒಂದೇ ಲೆಕ್ಕ. ಜೂನ್‌ನ ಮೊದಲ ಚೀಟಿ, 612ನ್ನು 6ರಿಂದ ಭಾಗಿಸಿ. 28 ಮಕ್ಕಳಲ್ಲಿ 102 ಅಂತ ಬರೆದವರು ಒಂಬತ್ತೇ ಜನ. ನಾನು ಮೊದಲಾಗಿದ್ರೆ ಉಳಿದ 19 ಮಕ್ಕಳಿಗೆ ಭಾಗಾಕಾರ ಬರುದಿಲ್ಲ ಅಂತ ಹೇಳ್ತಿದ್ದೆ. ಚೀಟಿಗಳನ್ನು ಮೇಜಿನ ಮೇಲೆ ಹರಡಿ ನೋಡಿದ್ರೆ ಹನ್ನೊಂದು ಮಕ್ಕಳು ಬರೆದದ್ದು 12. ಅವರಿಗೆ ಭಾಗಾಕಾರ ಬರ್ತದೆ, ಮಗ್ಗಿಯೂ ಬರ್ತದೆ, ಮಧ್ಯದ ಸೊನ್ನೆ ಮಾತ್ರ ಎಲ್ಲೋ ಬಿದ್ದು ಹೋಗಿದೆ. ನಾಲ್ಕೈದು ಮಕ್ಕಳಿಗೆ ಆರರ ಮಗ್ಗಿ ಇಲ್ಲ. ಉಳಿದವರು ಬಲಗಡೆಯಿಂದ ಭಾಗಿಸ್ಲಿಕ್ಕೆ ಶುರು ಮಾಡಿದ್ದಾರೆ, ಕೂಡಿಸುವ ಕಳೆಯುವ ಲೆಕ್ಕದ ಅಭ್ಯಾಸ. ಮೂರು ಬೇರೆ ಬೇರೆ ರೋಗ, ನಾನು ಎಲ್ಲದಕ್ಕೂ ಒಂದೇ ಕಷಾಯ ಕುಡಿಸ್ತಾ ಇದ್ದೆ.

12 ಬರೆದವರಿಗೆ ಆಟದ ನೋಟು ಕೊಟ್ಟೆ, ನೂರರದ್ದು ಆರು, ಹತ್ತರದ್ದು ಒಂದು, ಒಂದರದ್ದು ಎರಡು, ಆರು ಜನ ಹಂಚಿಕೊಳ್ಳಿ ಅಂತ. ನೂರರ ನೋಟು ಒಬ್ಬೊಬ್ಬರಿಗೆ ಒಂದು ಹೋಯ್ತು. ಹತ್ತರ ನೋಟು ಒಂದೇ ಒಂದು, ಆರು ಜನ ಅದನ್ನು ನೋಡ್ತಾ ಕೂತ್ರು. "ಇದು ಯಾರಿಗೂ ಸಿಗುದಿಲ್ಲ ಟೀಚರ್, ಚಿಲ್ಲರೆ ಕೊಡಿ" ಅಂದ ಒಬ್ಬ. "ಯಾರಿಗೂ ಸಿಗುದಿಲ್ಲ ಅಂತ ಪುಸ್ತಕದಲ್ಲಿ ಹೇಗೆ ಬರೀತಿ?" ಅಂತ ಕೇಳಿದೆ. ಸ್ವಲ್ಪ ಹೊತ್ತು ಬಿಟ್ಟು ಸೊನ್ನೆ ಬರೆದ. ಮತ್ತೆ ಚಿಲ್ಲರೆ ಹತ್ತು, ಮೊದಲಿನ ಎರಡು, ಒಟ್ಟು ಹನ್ನೆರಡು, ಒಬ್ಬೊಬ್ಬರಿಗೆ ಎರಡು. ಇಪ್ಪತ್ತು ನಿಮಿಷದ ಕೆಲಸ, ಆ ಗುಂಪು ಅಲ್ಲಿಗೆ ಮುಗಿಯಿತು. ಮರುದಿನ ಅದೇ ಮಕ್ಕಳು ಬೇರೆ ಬೇರೆ ಬೆಂಚಿನಲ್ಲಿ. ಗುಂಪಿಗೆ ಹೆಸರಿಲ್ಲ, ಎರಡು ಮೂರು ದಿನಕ್ಕಿಂತ ಹೆಚ್ಚು ಆಯುಷ್ಯವೂ ಇಲ್ಲ. ಭಾಗಾಕಾರದಲ್ಲಿ ಹಿಂದೆ ಇದ್ದ ಹುಡುಗಿ ಸಮಾಂತರ ರೇಖೆಗೆ ಬರುವಾಗ ಎಲ್ಲರಿಗಿಂತ ಮುಂದೆ, ಅವಳ ಅಪ್ಪ ಮರದ ಕೆಲಸದವರು, ಮಟ್ಟ ಕೋನ ಎಲ್ಲ ಅವಳಿಗೆ ಕಣ್ಣಿನಲ್ಲೇ ಉಂಟು.

ಇನ್ನೊಂದು ಬದಲಾವಣೆ, ಮೂರು ವರ್ಕ್‌ಶೀಟ್ ನಿಲ್ಲಿಸಿ ಒಂದೇ ಲೆಕ್ಕ ಕೊಟ್ಟೆ, ಸಂಖ್ಯೆಯ ಜಾಗ ಖಾಲಿ ಬಿಟ್ಟು. ಭಿನ್ನರಾಶಿಯ ಭಾಗಾಕಾರಕ್ಕೆ ಬರುವಾಗ ಬೋರ್ಡಿನಲ್ಲಿ ಬರೆದದ್ದು ಹೀಗೆ: ಒಂದು ಪಾತ್ರೆಯಲ್ಲಿ ಇಷ್ಟು ಲೀಟರ್ ಹಾಲು ಉಂಟು, ಕಾಲು ಲೀಟರಿನ ಎಷ್ಟು ಕುಪ್ಪಿ ತುಂಬಬಹುದು? ಕೆಳಗೆ 2, ಒಂದೂವರೆ, ಎರಡೂಮುಕ್ಕಾಲು, ನಿಮಗೆ ಬೇಕಾದ ಸಂಖ್ಯೆ ಹಾಕಿ ಮಾಡಿ. ಯಾರು ಯಾವುದನ್ನು ತೆಗೆದುಕೊಳ್ಬೇಕು ಅಂತ ನಾನು ಹೇಳುದಿಲ್ಲ. ಎಲ್ಲರೂ ಸುಲಭದ್ದನ್ನೇ ತೆಗೀತಾರೆ ಅಂತ ನನಗೂ ಹೆದರಿಕೆ ಇತ್ತು, ಮೊದಲ ವಾರ ಹಾಗೇ ಆಯ್ತು ಕೂಡ. ಮತ್ತೆ ಒಂದೊಂದೇ ಮೇಲೆ ಹತ್ತಿದ್ರು. ಸುಲಭದಲ್ಲೇ ಅಂಟಿಕೊಂಡವರನ್ನು ಹೇಗೆ ಎಬ್ಬಿಸುದು ಅಂತ ಒಂದು ಸಣ್ಣ ಉಪಾಯ ಉಂಟು, ಅದು ಇಲ್ಲಿ ಬೇಡ, ಮುಂದಿನ ಕ್ಲಸ್ಟರಿನಲ್ಲಿ (ಸುತ್ತಲಿನ ಶಾಲೆಗಳ ಟೀಚರುಗಳ ಮೀಟಿಂಗಿನಲ್ಲಿ) ಚಾ ಕುಡಿಯುವಾಗ ಕೇಳಿ ನೋಡುವ.

ಇದರ ಲಾಭ ಎಂತ ಅಂದ್ರೆ ಕಡೆಗೆ ಎಲ್ಲರೂ ಒಂದೇ ಕಥೆ ಮಾತಾಡ್ತಾರೆ. ಎಂಟು ಕುಪ್ಪಿ, ಆರು ಕುಪ್ಪಿ, ಹನ್ನೊಂದು ಕುಪ್ಪಿ, ಎಲ್ಲ ಉತ್ತರ ಬೋರ್ಡಿಗೆ ಬರ್ತದೆ, ಲೀಟರನ್ನು ನಾಲ್ಕರಿಂದ ಗುಣಿಸಿದ ಹಾಗೆ ಉಂಟಲ್ಲ ಟೀಚರ್ ಅಂತ ಅವರೇ ಕಂಡುಹಿಡೀತಾರೆ. ಬೇಗ ಮುಗಿಸಿದವರಿಗೆ ಹೆಚ್ಚು ಲೆಕ್ಕ ಕೊಡ್ಲಿಲ್ಲ, ಅದೇ ಲೆಕ್ಕಕ್ಕೆ ಒಂದು ಕೊಕ್ಕೆ ಹಾಕಿದೆ. ಎರಡೂಮುಕ್ಕಾಲು ಲೀಟರ್, ಕುಪ್ಪಿ ಅರ್ಧ ಲೀಟರಿನದ್ದಾದ್ರೆ? ಒಬ್ಬಳು ಐದೂವರೆ ಅಂದಳು. ಇನ್ನೊಬ್ಬ ಇಲ್ಲ, ಐದು ಕುಪ್ಪಿ, ಉಳಿದದ್ದು ಕಾಲು ಅಂದ. ಕಾಲಾ ಅರ್ಧವಾ ಅಂತ ಜಗಳ ಹತ್ತಿಕೊಂಡಿತು, ಬೆಲ್ ಹೊಡೆದ್ರೂ ಮುಗಿಯಲಿಲ್ಲ, ಮಧ್ಯಾಹ್ನ ಗಂಜಿಗೆ ಸಾಲು ನಿಂತಲ್ಲೂ ಅದೇ. ಕಾಲು ಲೀಟರ್ ಅಂದ್ರೆ ಅರ್ಧ ಕುಪ್ಪಿ, ಇಬ್ಬರೂ ಹೇಳಿದ್ದು ಸರಿ ಅಂತ ಇತ್ಯರ್ಥ ಮಾಡಿದ್ದು ಯಾರು ಗೊತ್ತುಂಟಾ, ಜೂನ್‌ನಲ್ಲಿ 12 ಬರೆದಿದ್ದ ಹುಡುಗ. ಸಾಲಿನಲ್ಲಿ ನಿಂತು ತನ್ನ ನೀರಿನ ಬಾಟ್ಲಿಯಲ್ಲೇ ತೋರಿಸಿದ.

ಮಧ್ಯದಲ್ಲಿ ಅಡ್ಡ ಪ್ರಯೋಗಗಳೂ ನಡೆದವು. ಮಲಯಾಳ ಮನೆಮಾತಿನ ಒಬ್ಬ ಹುಡುಗ ನಾನು ಒಂಬೈನೂರು ಅಂದ್ರೆ 90 ಅಂತ ಬರೀತಿದ್ದ. ಕಿವಿ ಸರಿ ಇಲ್ವಾ ಅಂತ ಸಂಶಯ ಬಂದಿತ್ತು. ಮತ್ತೆ ಹೊಳೆಯಿತು, ಮಲಯಾಳದಲ್ಲಿ ತೊಂಬತ್ತಕ್ಕೆ ತೊಣ್ಣೂರು, ಒಂಬೈನೂರಕ್ಕೆ ತೊಳ್ಳಾಯಿರಂ. ಅವನ ಮನೆಯಲ್ಲಿ ನೂರು ಅಂತ ಮುಗಿಯುವ ಒಂಬತ್ತು ಅಂದ್ರೆ 90ವೇ! ಒಂದು ಪೀರಿಯಡ್ ಎಲ್ಲ ಭಾಷೆಯ ಸಂಖ್ಯೆಯನ್ನೂ ಬೋರ್ಡಿನಲ್ಲಿ ಪಕ್ಕಪಕ್ಕ ಬರೆಸಿದೆ, ಸಿಲೆಬಸ್ಸಿನಲ್ಲಿ ಇಲ್ಲದ್ದು, ಆದ್ರೆ ಅವನ ತಪ್ಪು ಆ ವಾರವೇ ನಿಂತಿತು. ಏಳರ ಮಗ್ಗಿ ಬಾರದ ಒಬ್ಬಳಿಗೆ ಏಳು 25 ಕೇಳಿದ್ರೆ ತಟ್ಟನೆ 175. ಅಮ್ಮ ಬೀಡಿ ಕಟ್ಟುವವರು, ಒಂದು ಕಟ್ಟಿಗೆ 25, ಇವಳೇ ಕಟ್ಟು ಎಣಿಸುದು. ಶೇಕಡ ಪಾಠವನ್ನು ಅವಳಿಗೆ 25ರಿಂದಲೇ ಶುರು ಮಾಡಿದೆ, ಪುಸ್ತಕದ ಕ್ರಮ ಬಿಟ್ಟು.

ಎಲ್ಲಕ್ಕಿಂತ ಖುಷಿ ಕೊಟ್ಟದ್ದು ಅಜ್ಜಿ ಲೆಕ್ಕ. ಅರ್ಧದ ಕಾಲು ಎಷ್ಟು ಅಂತ ಮನೆಯಲ್ಲಿ ಕೇಳಿಕೊಂಡು ಬನ್ನಿ ಅಂದಿದ್ದೆ, ಒಬ್ಬ ಬಂದು "ಅಜ್ಜಿ ಅರೆಕಾಲು ಅಂತ ಹೇಳಿದ್ರು" ಅಂದ. ಹೌದಲ್ಲ ಮಾರ್ರೆ, ಅರೆ ಮತ್ತು ಕಾಲು ಸೇರಿ ಅರೆಕಾಲು, ಎಂಟರಲ್ಲಿ ಒಂದು. ಭಿನ್ನರಾಶಿಯ ಗುಣಾಕಾರ ಹೆಸರಿನಲ್ಲೇ ಕೂತಿದೆ, ನಾನು ಇಪ್ಪತ್ತು ವರ್ಷ ಅದನ್ನು ನೋಡದೆ ಅಂಶಕ್ಕೆ ಅಂಶ ಛೇದಕ್ಕೆ ಛೇದ ಅಂತ ಬಾಯಿಪಾಠ ಮಾಡಿಸಿದ್ದೆ. ಜಿಯೋಜಿಬ್ರಾ ಅಂತ ಗಣಿತದ ಸಾಫ್ಟ್‌ವೇರ್ ಕೂಡ ನೋಡಿದೆ, ಮಕ್ಕಳು ಲ್ಯಾಪ್‌ಟಾಪಿನಲ್ಲಿ ತ್ರಿಕೋನ ಎಳೆದು ಎಳೆದು ಖುಷಿಪಟ್ಟರು, ಪುಸ್ತಕದಲ್ಲಿ ಪ್ರೊಟ್ರ್ಯಾಕ್ಟರ್ ಇಡ್ಲಿಕ್ಕೆ ಹೇಳಿದ್ರೆ ಮೊದಲಿನ ಹಾಗೆಯೇ. ಅದನ್ನು ಸದ್ಯಕ್ಕೆ ಬಿಟ್ಟಿದ್ದೇನೆ.

ಖರ್ಚು ಈ ಸಲ ಇಡೀ ವರ್ಷಕ್ಕೆ 600 ದಾಟ್ಲಿಲ್ಲ, ಆಟದ ನೋಟಿಗೆ 120 ಇರ್ಬೇಕು, ಚೀಟಿಗೆ ಹಳೆ ಉತ್ತರ ಪತ್ರಿಕೆಯ ಖಾಲಿ ಭಾಗ ಕತ್ತರಿಸಿದ್ದು. ಚೀಟಿ ವಿಂಗಡಿಸ್ಲಿಕ್ಕೆ ದಿನಕ್ಕೆ ಹತ್ತು ಹನ್ನೆರಡು ನಿಮಿಷ, ಅದನ್ನು ಬಸ್ಸಿನಲ್ಲೇ ಮಾಡ್ತೇನೆ, ಸೀಟ್ ಸಿಕ್ಕಿದ್ರೆ.

ಫೆಬ್ರವರಿಯಲ್ಲಿ ಜೂನ್‌ನ ತರದ್ದೇ ಚೀಟಿ ಕೊಟ್ಟೆ, 836ನ್ನು 4ರಿಂದ ಭಾಗಿಸಿ. 209 ಅಂತ ಬರೆದವರು 22 ಅಥವಾ 23. ವರ್ಷದ ಪರೀಕ್ಷೆಯಲ್ಲಿ ಇ ಇಬ್ಬರು ಮಾತ್ರ, ಅದರಲ್ಲಿ ಒಬ್ಬ ಅರ್ಧ ವರ್ಷ ಶಾಲೆಗೇ ಬರ್ಲಿಲ್ಲ. ಎ ಒಂಬತ್ತು. ಯು.ಎಸ್.ಎಸ್. ಕೂಡ ಇಬ್ಬರಿಗೆ ಸಿಕ್ಕಿತು, ಅದಕ್ಕೆ ನಾನೇ ಕಾರಣ ಅಂತ ಹೇಳುದಿಲ್ಲ, ಆದ್ರೆ ಫೋನ್ ಮಾಡಿ ಬೈದಿದ್ದ ಆ ಅಮ್ಮ ತಮ್ಮ ಚಿಕ್ಕ ಮಗನನ್ನೂ ಇಂಗ್ಲಿಷ್ ಮೀಡಿಯಂ ವ್ಯಾನಿನಿಂದ ಇಳಿಸಿ ನಮ್ಮಲ್ಲಿಗೆ ಸೇರಿಸ್ತೇನೆ ಅಂತ ಹೇಳಿದ್ದಾರೆ. ಜೂನ್‌ನ ಆರನೇ ದಿನ ಮಕ್ಕಳ ತಲೆ ಎಣಿಸುವ ಲೆಕ್ಕಕ್ಕೆ ಒಂದು ತಲೆ ಜಾಸ್ತಿ, ಮಕ್ಕಳು ಕಡಿಮೆಯಾಗಿ ಡಿವಿಜನ್ ಹೋಗುವ ಹೆದರಿಕೆಯಲ್ಲಿ ಇರುವವರಿಗೆ ಅದರ ಬೆಲೆ ಗೊತ್ತುಂಟು. ಎಂಟನೇಯಲ್ಲಿ 2024-25ರಿಂದ ಲಿಖಿತ ಪರೀಕ್ಷೆಗೆ 30 ಶೇಕಡ ಮಿನಿಮಂ ಬಂದ ಮೇಲೆ ಹೈಸ್ಕೂಲಿನವರು ಕೂಡ ಈಗ ನಮ್ಮ ಮಕ್ಕಳ ಭಾಗಾಕಾರ ವಿಚಾರಿಸ್ತಾರೆ.

ಆಗದ್ದೂ ಉಂಟು. ಪ್ರಶ್ನೆ ಓದಿ ಅರ್ಥ ಮಾಡಿಕೊಳ್ಳದ ನಾಲ್ಕು ಮಕ್ಕಳು ಹಾಗೆಯೇ ಉಳಿದ್ರು, ಅದು ಗಣಿತದ ತೊಂದರೆ ಅಲ್ಲ, ಕನ್ನಡ ಓದುವ ತೊಂದರೆ, ಅದಕ್ಕೆ ನನ್ನ ಡಬ್ಬಿಯಲ್ಲಿ ಕಾರ್ಡ್ ಇಲ್ಲ. ಈ ವರ್ಷ ಕನ್ನಡ ಟೀಚರನ್ನು ಹಿಡಿದು ಎಂತಾದ್ರೂ ಮಾಡ್ಬೇಕು. ಕ್ಲಸ್ಟರಿನಲ್ಲಿ ಇದನ್ನೆಲ್ಲ ಹೇಳಿದಾಗ ಹಿಂದೆ ಕೂತವರೊಬ್ರು ಒಂದೇ ಪ್ರಶ್ನೆ ಕೇಳಿದ್ರು, "ಇಷ್ಟೆಲ್ಲ ಮಾಡುವಾಗ ಟಿ.ಎಂ. (ಪಾಠದ ತಯಾರಿಯ ಟೀಚಿಂಗ್ ಮ್ಯಾನುವಲ್) ಯಾವಾಗ ಬರೀತೀರಿ ಟೀಚರೇ?" ಎಲ್ಲ ನಕ್ಕರು. ನಾನೂ ನಕ್ಕೆ, ಯಾಕೆ ಅಂದ್ರೆ ಆ ವಾರದ ಟಿ.ಎಂ. ಬರೆದಿರಲಿಲ್ಲ.