ಹಳೆ ಕಂಪ್ಯೂಟರ್‌ಗೆ ಬೆಲೆ ಕಟ್ಟುವ ಮೊದಲು ಕ್ಯಾಬಿನೆಟ್ ಬಿಚ್ಚಿ ನೋಡಿ

ಕಂಪನಿ ಪಾಲಾಗಿ ಹಿಸೆಯಾಗುವಾಗ ಜಾಗ, ಕಟ್ಟಡ, ಗೋದಾಮಿನ ಸ್ಟಾಕು ಎಲ್ಲಕ್ಕೂ ಬೆಲೆ ಹೇಳುವ ಜನ ಊರಲ್ಲೇ ಸಿಗುತ್ತಾರೆ. ಕಂಪ್ಯೂಟರಿನ ಸರದಿ ಬಂದಾಗ ಮಾತ್ರ ಎಲ್ಲರೂ ಆಡಿಟರ್ ಮುಖ ನೋಡುತ್ತಾರೆ. ಅವರು ಪುಸ್ತಕ ನೋಡಿ ಒಂದು ಅಂಕಿ ಹೇಳುತ್ತಾರೆ. ಅಂಕಿ ತಪ್ಪಲ್ಲ. ಆದರೆ ಅದು ತೆರಿಗೆಯ ಲೆಕ್ಕಕ್ಕೆ ಬೇಕಾದ ಅಂಕಿ, ಪೇಟೆಯಲ್ಲಿ ಆ ಯಂತ್ರಕ್ಕೆ ಯಾರೂ ಅಷ್ಟು ಕೊಡಬೇಕೆಂದಿಲ್ಲ. ಕೆಲವೊಮ್ಮೆ ಜಾಸ್ತಿಯೇ ಕೊಡಬಹುದು.

ಶಿರಸಿಯ ಅಡಿಕೆ ವಖಾರಿ, ಕುಮಟಾದ ಗೇರುಬೀಜ ಕಾರ್ಖಾನೆ, ಕಾರವಾರದ ಗುತ್ತಿಗೆದಾರರ ಕಚೇರಿ, ಗೋಕರ್ಣದ ಲಾಡ್ಜು... ಇವತ್ತು ಎಲ್ಲಿ ಹೋದರೂ ಐದೋ ಹತ್ತೋ ಕಂಪ್ಯೂಟರ್, ಎರಡು ಪ್ರಿಂಟರ್, ಗೋಡೆ ತುಂಬ ಸಿಸಿಟಿವಿ ಇದ್ದೇ ಇದೆ. ಇದರ ಬೆಲೆ ಕಟ್ಟಲು ದೊಡ್ಡ ವಿದ್ಯೆ ಬೇಡ. ಒಂದು ಸ್ಕ್ರೂಡ್ರೈವರ್, ಒಂದು ಟಾರ್ಚು, ಹಳೆ ಬಿಲ್ಲಿನ ಫೈಲು ಮತ್ತು ಸ್ವಲ್ಪ ತಾಳ್ಮೆ ಇದ್ದರೆ ಸಾಕು.

ಬೆಲೆ ಯಾತಕ್ಕೆ ಬೇಕು?

ಕೆಲಸ ಶುರುವಾಗುವುದು ಇಲ್ಲಿಂದ. ಪಾಲುದಾರರು ಹಂಚಿಕೊಳ್ಳಲು ಬೇಕಾದ ಬೆಲೆ ಬೇರೆ. ಬಾಗಿಲು ಹಾಕಿ ವಾರದೊಳಗೆ ಎಲ್ಲ ಮಾರಲು ಬೇಕಾದ ಬೆಲೆ ಬೇರೆ, ಅದು ಯಾವಾಗಲೂ ಕಡಿಮೆ. ನಡೆಯುತ್ತಿರುವ ವ್ಯವಹಾರವನ್ನೇ ಇನ್ನೊಬ್ಬರಿಗೆ ಒಪ್ಪಿಸುವಾಗ ಅದೇ ಕಂಪ್ಯೂಟರ್‌ಗೆ ಜಾಸ್ತಿ ಬೆಲೆ ಸಿಗುತ್ತದೆ. ಯಾಕೆಂದರೆ ತಂತಿ ಎಳೆದಿದೆ, ಸಾಫ್ಟ್‌ವೇರ್ ಹಾಕಿದೆ, ಕೊಂಡವರು ಮರುದಿನದಿಂದಲೇ ಬಿಲ್ಲು ಹರಿಯಬಹುದು.

ವಿಮೆಯ ಲೆಕ್ಕ ಇದಕ್ಕೆ ಪೂರಾ ಉಲ್ಟಾ. ಎಲೆಕ್ಟ್ರಾನಿಕ್ ಉಪಕರಣಗಳ ಪಾಲಿಸಿಯಲ್ಲಿ ವಿಮಾ ಮೊತ್ತ ಬರೆಸಬೇಕಾದದ್ದು ಅದೇ ಸಾಮರ್ಥ್ಯದ ಹೊಸ ಯಂತ್ರಕ್ಕೆ ಇವತ್ತು ಬೀಳುವ ಬೆಲೆಯನ್ನು, ಸವಕಳಿ (ಹಳೆಯದಾದಂತೆ ಇಳಿಯುವ ಬೆಲೆ) ಕಳೆದ ಬೆಲೆಯನ್ನಲ್ಲ. ಪ್ರೀಮಿಯಂ ಉಳಿಸಲು ಹೋಗಿ ಅನೇಕರು ಇಲ್ಲಿ ಸಿಕ್ಕಿಬೀಳುತ್ತಾರೆ. 10 ಲಕ್ಷದ ಸಾಮಾನಿಗೆ 6 ಲಕ್ಷ ಬರೆಸಿದ್ದೀರಿ ಅಂದುಕೊಳ್ಳಿ. ಸಿಡಿಲು ಬಡಿದು 2 ಲಕ್ಷದ ಸಾಮಾನು ಹೋಯಿತು. ನಿಮ್ಮ ಕೈಗೆ ಬರುವುದು ಅದರ ಶೇ 60, ಅಂದರೆ 1.2 ಲಕ್ಷ. ಅದರಲ್ಲೂ ನೀವೇ ಹೊರಬೇಕಾದ ಪಾಲು ಕಳೆಯುತ್ತಾರೆ. ಮಳೆಗಾಲಕ್ಕೆ ಮುಂಚಿನ ಗುಡುಗು ಘಟ್ಟದ ಮೇಲಿನವರಿಗೆ ಹೊಸದೇನಲ್ಲ, ಅಲ್ವಾ?

ಹಾಗಾಗಿ ಹಾಳೆಯ ತಲೆಯಲ್ಲೇ ಉದ್ದೇಶ ಮತ್ತು ತಾರೀಖು ಬರೆಯಿರಿ. ತಾರೀಖಿಲ್ಲದ ಬೆಲೆಯ ಮೇಲೆ ಮುಂದೆ ಬರೀ ಜಗಳವೇ.

ಪಟ್ಟಿಯನ್ನು ಮುಟ್ಟಿ ಮಾಡಿ

ಕುರ್ಚಿಯಲ್ಲಿ ಕುಳಿತು ಬಿಲ್ಲು ನೋಡಿ ಪಟ್ಟಿ ಮಾಡಿದರೆ ಇಲ್ಲದ ಯಂತ್ರ ಪಟ್ಟಿಗೆ ಬರುತ್ತದೆ, ಇರುವ ಯಂತ್ರ ತಪ್ಪಿಹೋಗುತ್ತದೆ. ಕೋಣೆಯಿಂದ ಕೋಣೆಗೆ ನಡೆಯಿರಿ. ಪ್ರತಿಯೊಂದರ ಕಂಪನಿ, ಮಾಡೆಲ್, ಸೀರಿಯಲ್ ನಂಬರ್, ಪ್ರೊಸೆಸರ್, ರ‍್ಯಾಮ್, ಡಿಸ್ಕ್, ಕೊಂಡ ತಿಂಗಳು ಬರೆದು ಫೋಟೊ ತೆಗೆಯಿರಿ. ಲ್ಯಾಪ್‌ಟಾಪಿನ ತಳದಲ್ಲಿರುವ ನಂಬರನ್ನು ಆ ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿದರೆ ವಾರಂಟಿ ಎಲ್ಲಿಯವರೆಗೆ ಇದೆ ಎಂದು ತೋರಿಸುತ್ತದೆ. ಬಿಲ್ಲು ಕಳೆದುಹೋಗಿದ್ದರೆ ಅಂದಾಜು ವಯಸ್ಸೂ ಅಲ್ಲಿಂದಲೇ ಗೊತ್ತಾಗುತ್ತದೆ.

ಸಾಮಾನ್ಯವಾಗಿ ಬಿಟ್ಟುಹೋಗುವ ಸಾಮಾನು: ಸಿಸಿಟಿವಿಯ ರೆಕಾರ್ಡರ್, ಹೆಬ್ಬೆಟ್ಟಿನ ಹಾಜರಿ ಯಂತ್ರ, ನೆಟ್‌ವರ್ಕ್ ಸ್ವಿಚ್, ಬಾರ್‌ಕೋಡ್ ಪ್ರಿಂಟರ್, ಕಂಪ್ಯೂಟರ್‌ಗೆ ಜೋಡಿಸಿದ ತೂಕದ ಯಂತ್ರ. ಮೂಲೆಯಲ್ಲಿ ಕಿರ್ರೆನ್ನುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರನ್ನು ಗುಜರಿಗೆ ಸೇರಿಸಬೇಡಿ. ಒಂದೇ ಹೊಡೆತಕ್ಕೆ ಮೂರು ಕಾರ್ಬನ್ ಪ್ರತಿ ತೆಗೆಯುವ ಯಂತ್ರ ಇವತ್ತಿಗೂ ಅದೊಂದೇ.

ಇನ್ನು ನಿಮ್ಮದಲ್ಲದ್ದು. ಬ್ರಾಡ್‌ಬ್ಯಾಂಡ್‌ನವರು ಹಾಕಿಕೊಟ್ಟ ಪೆಟ್ಟಿಗೆ ಹೆಚ್ಚಾಗಿ ಅವರದ್ದೇ. ಬಾಡಿಗೆ ಜೆರಾಕ್ಸ್ ಯಂತ್ರ ಇರಬಹುದು. ಅಕೌಂಟೆಂಟ್ ಮನೆಯಿಂದ ತಂದ ಲ್ಯಾಪ್‌ಟಾಪ್ ಅವರದ್ದು. ಇವುಗಳನ್ನು ಬೇರೆ ಹಾಳೆಯಲ್ಲಿ ಬರೆಯಿರಿ, ಬೆಲೆ ಹಾಕಬೇಡಿ.

ಪುಸ್ತಕ ಏನು ಹೇಳುತ್ತದೆ

ಇದನ್ನು ಬೇಗ ಮುಗಿಸೋಣ. ಆದಾಯ ತೆರಿಗೆಯ ಲೆಕ್ಕದಲ್ಲಿ ಕಂಪ್ಯೂಟರ್‌ಗೆ ವರ್ಷಕ್ಕೆ ಶೇ 40 ಸವಕಳಿ, ಉಳಿದ ಬೆಲೆಯ ಮೇಲೆ. ಕೊಂಡ ವರ್ಷ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ. 2013ರ ಕಂಪನಿ ಕಾಯ್ದೆಯ ಎರಡನೇ ಅನುಸೂಚಿ ಬೇರೆ ದಾರಿ ಹಿಡಿಯುತ್ತದೆ: ಡೆಸ್ಕ್‌ಟಾಪ್, ಲ್ಯಾಪ್‌ಟಾಪ್‌ಗೆ 3 ವರ್ಷ ಆಯುಸ್ಸು, ಸರ್ವರ್ ಮತ್ತು ನೆಟ್‌ವರ್ಕಿಗೆ 6 ವರ್ಷ. ಕೊನೆಗೆ ಉಳಿಸುವುದು ಸಾಮಾನ್ಯವಾಗಿ ಮೂಲಬೆಲೆಯ ಶೇ 5.

2022ರ ಏಪ್ರಿಲ್‌ನಲ್ಲಿ ಜಿಎಸ್‌ಟಿ ಬಿಟ್ಟು 60,000 ರೂಪಾಯಿ ಕೊಟ್ಟು ಲ್ಯಾಪ್‌ಟಾಪ್ ಕೊಂಡಿರಿ ಅನ್ನಿ. 2025ರ ಮಾರ್ಚ್ ಕೊನೆಗೆ ತೆರಿಗೆ ಲೆಕ್ಕದಲ್ಲಿ ಅದರ ಬೆಲೆ 12,960. ಕಂಪನಿ ಕಾಯ್ದೆಯ ಸಮಕಂತಿನ (ಪ್ರತಿ ವರ್ಷ ಒಂದೇ ಮೊತ್ತ ಕಳೆಯುವ) ಲೆಕ್ಕದಲ್ಲಿ 3,000. ಒಂದೇ ಲ್ಯಾಪ್‌ಟಾಪ್, ಒಂದೇ ದಿನ, ಎರಡು ಬೆಲೆ. ಎರಡೂ ಸರಿ, ಆದರೆ ಎರಡೂ ಆ ಲ್ಯಾಪ್‌ಟಾಪನ್ನು ಕಣ್ಣಿಂದ ನೋಡಿಲ್ಲ.

ಬಿಚ್ಚಿ ನೋಡಿ

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ನಿಜವಾದ ಬೆಲೆ ಗೊತ್ತಾಗುವುದು ಇಲ್ಲೇ. ಕರೆಂಟ್ ತೆಗೆದು, ಪ್ಲಗ್ ಕಿತ್ತು, ಡೆಸ್ಕ್‌ಟಾಪಿನ ಪಕ್ಕದ ತಗಡು ಬಿಚ್ಚಿ. ಮೊದಲು ನೋಡಬೇಕಾದದ್ದು ಆ ತಗಡಿನ ಸ್ಕ್ರೂಗಳನ್ನೇ. ಅಂಕೋಲಾ, ಹೊನ್ನಾವರದ ಸಮುದ್ರದ ಬದಿಯ ಕಚೇರಿಗಳಲ್ಲಿ ಎಷ್ಟೋ ಸಲ ಸ್ಕ್ರೂ ಹೊರಬರುವಾಗಲೇ ಕೆಂಪು ಪುಡಿ ಉದುರುತ್ತದೆ. ಕಿಟಕಿ ತೆರೆದಿಟ್ಟ ಕೋಣೆಯಾದರೆ ಉಪ್ಪುಗಾಳಿ ಒಳಗೆ ಹೋಗಿದೆ ಎಂದೇ ಅರ್ಥ. ಆಮೇಲೆ ಹಿಂಬದಿಯ ಯುಎಸ್‌ಬಿ, ನೆಟ್‌ವರ್ಕ್ ಪೋರ್ಟುಗಳ ಒಳಗೆ ಟಾರ್ಚ್ ಬಿಡಿ. ರ‍್ಯಾಮ್ ತೆಗೆದು ಅದರ ಚಿನ್ನದ ಬಣ್ಣದ ಪಟ್ಟಿ ನೋಡಿ: ಹೊಳೆಯುತ್ತಿದೆಯೋ, ಮಂಕಾಗಿದೆಯೋ? ಮದರ್‌ಬೋರ್ಡಿನ ಮೇಲೆ ಹಸಿರು ಕಿಲುಬು ಕಂಡರೆ ಆ ಯಂತ್ರ ಈಗ ಓಡುತ್ತಿದ್ದರೂ ಪೂರ್ತಿ ಬೆಲೆ ಹಾಕಬೇಡಿ. ಅದು ಮುಂದಿನ ಮಳೆಗಾಲ ದಾಟುತ್ತದೆ ಎಂದು ಯಾರೂ ಖಾತ್ರಿ ಕೊಡಲಾರರು. ದುಂಡಗಿನ ಕೆಪಾಸಿಟರ್‌ಗಳ ತಲೆ ಉಬ್ಬಿದೆಯಾ ಎಂದೂ ನೋಡಿ. ಪವರ್ ಸಪ್ಲೈ ಡಬ್ಬಿಯ ಜಾಲರಿಯಿಂದ ಒಳಗೆ ಹಲ್ಲಿಮೊಟ್ಟೆ ಕಂಡರೆ ಆಶ್ಚರ್ಯಪಡಬೇಡಿ, ಬೆಚ್ಚಗಿನ ಜಾಗ ಅದಕ್ಕೂ ಬೇಕು. ಆ ಡಬ್ಬಿಯನ್ನು ಮಾತ್ರ ನೀವು ಬಿಚ್ಚಲು ಹೋಗಬೇಡಿ. ಪ್ಲಗ್ ಕಿತ್ತ ಮೇಲೂ ಅದರಲ್ಲಿ ಕರೆಂಟ್ ಹಿಡಿದಿರುತ್ತದೆ.

ಘಟ್ಟದ ಮೇಲೆ ಉಪ್ಪಿಲ್ಲ, ಆದರೆ ತೇವ ಇದೆ, ಸಿಡಿಲಿದೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ನೆಟ್‌ವರ್ಕ್ ಸ್ವಿಚ್ಚಿನ ಪೋರ್ಟುಗಳನ್ನು ಒಂದೊಂದಾಗಿ ಹಾಕಿ ನೋಡಿ. ಹೊರಗಿನ ಕ್ಯಾಮೆರಾ ತಂತಿಯಿಂದ ಸಿಡಿಲಿನ ಪೆಟ್ಟು ಬಂದರೆ ಎಂಟು ಪೋರ್ಟಿನಲ್ಲಿ ಮೂರು ಸತ್ತು, ಉಳಿದವು ನಡೆಯುತ್ತಿರುವುದುಂಟು. ಹೊರಗಿನಿಂದ ನೋಡಿದರೆ ಏನೂ ಆಗಿಲ್ಲ.

ಯಂತ್ರ ಮತ್ತೆ ಜೋಡಿಸಿ ಚಾಲೂ ಮಾಡಿ. ಡಿಸ್ಕಿನ ಆರೋಗ್ಯ ಮತ್ತು ಅದು ಓಡಿದ ಗಂಟೆ ತೋರಿಸುವ ಉಚಿತ ಸಾಫ್ಟ್‌ವೇರುಗಳಿವೆ, ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅಂಥದ್ದೊಂದು. ಲ್ಯಾಪ್‌ಟಾಪಿನ ಬ್ಯಾಟರಿಗೆ ವಿಂಡೋಸಿನಲ್ಲೇ ಬ್ಯಾಟರಿ ರಿಪೋರ್ಟ್ ತೆಗೆಯಬಹುದು. ಹೊಸದಿದ್ದಾಗ ಎಷ್ಟು ಹಿಡಿಯುತ್ತಿತ್ತು, ಈಗ ಎಷ್ಟು ಹಿಡಿಯುತ್ತದೆ ಎರಡೂ ಅದರಲ್ಲಿ ಬರುತ್ತದೆ. ಅರ್ಧಕ್ಕಿಂತ ಕೆಳಗೆ ಇಳಿದಿದ್ದರೆ ಹೊಸ ಬ್ಯಾಟರಿಯ ಖರ್ಚನ್ನು ಬೆಲೆಯಿಂದ ಕಳೆಯಿರಿ.

ಇನ್ನೊಂದು ಗೆರೆ ಇದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಯಂತ್ರದಲ್ಲಿ ಇರಬೇಕು. ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನ ಪ್ರೊಸೆಸರ್ ಅಥವಾ ಅದರ ನಂತರದ್ದು ಬೇಕು. ಏಳನೆಯದು ಎಷ್ಟೇ ಚೆನ್ನಾಗಿದ್ದರೂ ಕಚೇರಿಗೆ ಕೊಳ್ಳುವವರು ಹಿಂದೆಮುಂದೆ ನೋಡುತ್ತಾರೆ. ನನ್ನ ಪ್ರಕಾರ ಇವತ್ತು ಹಳೆ ಡೆಸ್ಕ್‌ಟಾಪಿನ ಬೆಲೆಯನ್ನು ವಯಸ್ಸಿಗಿಂತ ಜಾಸ್ತಿ ಇದೇ ಗೆರೆ ನಿರ್ಧರಿಸುತ್ತದೆ.

ವಖಾರಿಯಲ್ಲಿ ಚಾಲಿ, ಕೋಕಾ, ಬಿಳೆಗೋಟು ಬೇರೆ ಮಾಡಿದ ಹಾಗೆ ಈಗ ಯಂತ್ರಗಳನ್ನೂ ವಿಂಗಡಿಸಿ: ಹಾಗೇ ಮಾರುವಂಥದ್ದು, ರಿಪೇರಿ ಮಾಡಿ ಮಾರುವಂಥದ್ದು, ಬಿಡಿಭಾಗಕ್ಕೆ ಮಾತ್ರ ಆಗುವಂಥದ್ದು.

ಪೇಟೆಯ ಬೆಲೆ

ಒಬ್ಬರನ್ನು ಕೇಳಿ ನಂಬಬೇಡಿ. ಹುಬ್ಬಳ್ಳಿಯ ಸೆಕೆಂಡ್‌ಹ್ಯಾಂಡ್ ಅಂಗಡಿಗಳಿಗೆ, ಬೆಂಗಳೂರಿನ ಎಸ್.ಪಿ. ರೋಡಿನ ವ್ಯಾಪಾರಿಗಳಿಗೆ ಅದೇ ಮಾಡೆಲ್, ಅದೇ ರ‍್ಯಾಮ್, ಅದೇ ಡಿಸ್ಕ್ ಹೇಳಿ ದರ ಕೇಳಿ. ಎರಡು ಪ್ರಶ್ನೆ ಕೇಳಬೇಕು: ‘ನೀವು ಎಷ್ಟಕ್ಕೆ ಮಾರುತ್ತೀರಿ?’ ಮತ್ತು ‘ನನ್ನದನ್ನು ಎಷ್ಟಕ್ಕೆ ತೆಗೆದುಕೊಳ್ಳುತ್ತೀರಿ?’ ಈ ಎರಡರ ಮಧ್ಯೆ ಅವರ ಲಾಭ, ರಿಪೇರಿ, ವಾರಂಟಿ ಕೂತಿರುತ್ತದೆ. ಹಿಸೆಗೆ ಎರಡರ ನಡುವಿನ ಬೆಲೆ ನ್ಯಾಯವಾದದ್ದು, ಬಾಗಿಲು ಹಾಕಿ ಮಾರುವವರಿಗೆ ಎರಡನೆಯದೇ ಗತಿ. ಆನ್‌ಲೈನ್ ಜಾಹೀರಾತಿನಲ್ಲಿ ಕಾಣುವುದು ಮಾರುವವರ ಆಸೆ ಮಾತ್ರ, ಅಷ್ಟಕ್ಕೆ ವ್ಯಾಪಾರ ಆಯಿತು ಎಂದಲ್ಲ. ಘಟ್ಟ ಹತ್ತಿಸುವ ಸಾಗಾಟದ ಖರ್ಚನ್ನೂ ಕಳೆಯಲು ಮರೆಯಬೇಡಿ.

ಸರ್ವರಿನಂಥ ಸಾಮಾನಿಗೆ ಇಲ್ಲಿ ಪೇಟೆಯೇ ಇಲ್ಲ. ಅಂಥದ್ದಕ್ಕೆ ಹೊಸದರ ಬೆಲೆಯಿಂದ ಕೆಳಗಿಳಿಯಬೇಕು. ನಾಲ್ಕು ವರ್ಷದ ಹಿಂದೆ 3 ಲಕ್ಷ ಕೊಟ್ಟ ಸರ್ವರ್ ಮಾಡುವ ಕೆಲಸವನ್ನು ಇವತ್ತು 1,80,000ದ ಯಂತ್ರ ಮಾಡುತ್ತದೆ ಎಂದರೆ ಲೆಕ್ಕ ಶುರುವಾಗುವುದು 1,80,000ದಿಂದ. ಹಳೆ 3 ಲಕ್ಷವನ್ನು ಮರೆತುಬಿಡಿ. ಆರು ವರ್ಷದ ಆಯುಸ್ಸಿನಲ್ಲಿ ಎರಡು ಉಳಿದಿದೆ, ಅಂದರೆ ಮೂರನೇ ಒಂದು ಭಾಗ: 60,000. ಪವರ್ ಸಪ್ಲೈ ಬದಲಿಸಲು 8,000 ಬೇಕಾದರೆ ಉಳಿದದ್ದು 52,000. ಕಿಲುಬು ಕಂಡಿದ್ದರೆ ಆರು ವರ್ಷದ ಆಯುಸ್ಸನ್ನೇ ಐದಕ್ಕೆ ಇಳಿಸಿ ಲೆಕ್ಕ ಹಾಕಿ.

ಸಾಫ್ಟ್‌ವೇರ್ ವಿಷಯ ಚುಟುಕಾಗಿ: ಯಂತ್ರದ ಜೊತೆಗೇ ಬಂದ ವಿಂಡೋಸ್ ಆ ಯಂತ್ರದ ಜೊತೆಗೇ ಹೋಗುತ್ತದೆ. ಟ್ಯಾಲಿಯಂಥ ಲೆಕ್ಕದ ಸಾಫ್ಟ್‌ವೇರಿನ ಲೈಸೆನ್ಸನ್ನು ಬೇರೆ ಕಂಪ್ಯೂಟರ್‌ಗೆ ಹಾಕಿಕೊಳ್ಳಬಹುದು, ಅದನ್ನು ಯಂತ್ರದ ಬೆಲೆಯಲ್ಲಿ ಸೇರಿಸಬೇಡಿ. ಕಳ್ಳ ಕಾಪಿಗೆ ಬೆಲೆ ಸೊನ್ನೆ.

ಮಾರುವವರಾದರೆ

ಕೊಳ್ಳುವಾಗ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಪಡೆದಿದ್ದರೆ, ಅಂದರೆ ಆಗ ಕೊಟ್ಟ ಜಿಎಸ್‌ಟಿಯನ್ನು ನೀವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಂಡಿದ್ದರೆ, ಮಾರುವಾಗ ಜಿಎಸ್‌ಟಿ ಕಟ್ಟಬೇಕು. ಇಲ್ಲಿ ಒಂದು ಸಿಕ್ಕು ಇದೆ. ಪಡೆದ ಕ್ರೆಡಿಟ್‌ನಿಂದ ಪ್ರತಿ ಮೂರು ತಿಂಗಳಿಗೆ ಶೇ 5ರಂತೆ ಕಳೆದು ಉಳಿದದ್ದು ಒಂದು ಕಡೆ, ಮಾರಿದ ಬೆಲೆಯ ಮೇಲಿನ ತೆರಿಗೆ ಇನ್ನೊಂದು ಕಡೆ. ಎರಡರಲ್ಲಿ ಯಾವುದು ಜಾಸ್ತಿಯೋ ಅದನ್ನು ಕಟ್ಟಬೇಕು. ಅದೇ 60,000ದ ಲ್ಯಾಪ್‌ಟಾಪಿಗೆ ಶೇ 18ರಂತೆ 10,800 ಕ್ರೆಡಿಟ್ ಪಡೆದಿದ್ದೀರಿ. ಮೂರು ವರ್ಷಕ್ಕೆ ಶೇ 60 ಕಳೆದರೆ 4,320. ಲ್ಯಾಪ್‌ಟಾಪನ್ನು 15,000ಕ್ಕೆ ಮಾರಿದರೆ ಅದರ ತೆರಿಗೆ 2,700. ಕಟ್ಟಬೇಕಾದದ್ದು 4,320. ವ್ಯಾಪಾರ ಕುದುರಿಸುವ ಮೊದಲೇ ಈ ಲೆಕ್ಕ ಗೊತ್ತಿರಬೇಕು, ಆಮೇಲೆ ಗೊತ್ತಾದರೆ ಆ ದುಡ್ಡು ನಿಮ್ಮ ಕೈಯಿಂದ ಹೋಗುತ್ತದೆ.

ಡಿಸ್ಕಿನಲ್ಲಿ ಗಿರಾಕಿಗಳ ಫೋನ್ ನಂಬರ್, ಆಧಾರ್ ಪ್ರತಿ, ಬ್ಯಾಂಕ್ ವಿವರ ಇರುತ್ತದೆ. ಸುಮ್ನೆ ಡಿಲೀಟ್ ಮಾಡಿದರೆ ಅದು ಅಳಿಸಿಹೋಗುವುದಿಲ್ಲ. ಪೂರ್ತಿ ಅಳಿಸುವ ಸಾಫ್ಟ್‌ವೇರ್ ಹಾಕಿ, ಇಲ್ಲವೇ ಡಿಸ್ಕ್ ಕಿತ್ತಿಟ್ಟುಕೊಂಡು ಅದಿಲ್ಲದ ಬೆಲೆಗೆ ಮಾರಿ. ನಾನಾದರೆ ಎರಡನೆಯದನ್ನೇ ಮಾಡುತ್ತೇನೆ.

ಬ್ಯಾಂಕ್ ಸಾಲ, ವಿಲೀನ, ಕೋರ್ಟು ಎಂದಾದಾಗ ನಿಮ್ಮ ಪಟ್ಟಿ ಸಾಲದಿರಬಹುದು. ಕಂಪನಿ ಕಾಯ್ದೆಯಡಿ ಮೌಲ್ಯಮಾಪನ ಬೇಕಾದ ಕಡೆ ನೋಂದಾಯಿತ ಮೌಲ್ಯಮಾಪಕರೇ ಸಹಿ ಹಾಕಬೇಕು. ಕಂಪ್ಯೂಟರ್ ಸೇರುವುದು ‘ಯಂತ್ರೋಪಕರಣ’ ವರ್ಗಕ್ಕೆ, ಆ ವರ್ಗದ ನೋಂದಣಿ ಅವರಿಗೆ ಇದೆಯಾ ಎಂದು ಕೇಳಿ. ನಿಮ್ಮ ಪಟ್ಟಿ, ಫೋಟೊ, ಅಂಗಡಿಗಳ ದರ ತಯಾರಿದ್ದರೆ ಅವರ ಕೆಲಸ ಅರ್ಧ ಮುಗಿದ ಹಾಗೆ. ಫೀಸಿನ ಬಗ್ಗೆ ಚೌಕಾಸಿ ಮಾಡಲೂ ನಿಮಗೆ ಬಾಯಿ ಇರುತ್ತದೆ.

ಕೊನೆಗೆ ಬೆಲೆ ಬಾರದೆ ಉಳಿಯುವ ಸಾಮಾನು. ಯುಪಿಎಸ್‌ನ ಸತ್ತ ಬ್ಯಾಟರಿಗಳನ್ನು ಇದರಲ್ಲಿ ಸೇರಿಸಬೇಡಿ. ಒಳಗೆ ಸೀಸ ಇರುವುದರಿಂದ ಅದಕ್ಕೆ ತೂಕದ ಮೇಲೆ ದುಡ್ಡು ಬರುತ್ತದೆ, ಹೊಸ ಬ್ಯಾಟರಿ ಕೊಡುವ ಅಂಗಡಿಯವರೇ ಹಳೆಯದನ್ನು ತೆಗೆದುಕೊಂಡು ಅದರ ದುಡ್ಡನ್ನು ಬಿಲ್ಲಿನಲ್ಲಿ ಕಳೆಯುತ್ತಾರೆ. ಉಳಿದ ಬೋರ್ಡು, ಒಡೆದ ಮಾನಿಟರ್, ಕೀಬೋರ್ಡ್‌ಗಳನ್ನು 2022ರ ಇ-ತ್ಯಾಜ್ಯ ನಿಯಮಗಳ ಪ್ರಕಾರ ನೋಂದಣಿ ಇರುವ ರೀಸೈಕ್ಲರಿಗೆ ಕೊಟ್ಟು ರಸೀದಿ ತೆಗೆದುಕೊಳ್ಳಿ. ಪುಸ್ತಕದಿಂದ ಆ ಸಾಮಾನು ತೆಗೆದುಹಾಕುವಾಗ ಆಡಿಟರ್ ಕೇಳುವುದು ಅದೇ ರಸೀದಿಯನ್ನು.