ಗುಡ್ಡೆಯಿಂದ ಹೊಳೆಗೆ ಸೈಕಲ್: ಸ್ವರ್ಣಾ ಕಣಿವೆಯಲ್ಲಿ ದಾರಿ ಹುಡುಕುವುದು ಹೇಗೆ?

ಮಣಿಪಾಲದ ಎಂಡ್ ಪಾಯಿಂಟ್‌ನಲ್ಲಿ ನಿಂತು ಕೆಳಗೆ ನೋಡಿದರೆ ಹಸಿರಿನ ನಡುವೆ ಸ್ವರ್ಣಾ ನದಿ ಬಾಗಿ ಬಳುಕಿ ಹೋಗುವುದು ಕಾಣುತ್ತದೆ. ಹೆಚ್ಚಿನವರು ಒಂದು ಫೋಟೊ ತೆಗೆದು ವಾಪಸಾಗುತ್ತಾರೆ. ಮನೆಯಲ್ಲಿ ಗೇರ್ ಸೈಕಲ್ ಇಟ್ಟುಕೊಂಡವರಿಗೆ ಮಾತ್ರ ಕಾಲು ಸುಮ್ಮನಿರುವುದಿಲ್ಲ. ಅಲ್ಲಿಗೆ ಇಳಿಯುವುದು ಎಲ್ಲಿಂದ?

ವಿದೇಶದ ವಿಡಿಯೊಗಳಲ್ಲಿ ಕಾಣುವಂತೆ ಸೈಕಲ್ಲಿಗೆಂದೇ ಕಡಿದ ಹಾದಿ, ಸುಲಭಕ್ಕೆ ಹಸಿರು, ಕಷ್ಟಕ್ಕೆ ಕಪ್ಪು ಬಣ್ಣದ ಫಲಕ ಇಲ್ಲಿ ಸಿಗುತ್ತದೆಂದು ಹೊರಡಬೇಡಿ. ನಮ್ಮಲ್ಲಿರುವುದು ತುಳುವಿನವರು ಹೇಳುವ ‘ಸಾದಿ’. ದನ ಮೇಯಿಸಲು, ಸೊಪ್ಪು ತರಲು, ಮಕ್ಕಳು ಶಾಲೆಗೆ ಹೋಗಲು ಆದ ಕಾಲುದಾರಿ. ಅದರ ಆ ತುದಿಯಲ್ಲಿ ಯಾರದೋ ಅಂಗಳ ಇದ್ದೇ ಇರುತ್ತದೆ. ಇದನ್ನು ಮರೆತು ಓಡಿಸಿದರೆ ಮರುವಾರ ಆ ದಾರಿಗೆ ಮುಳ್ಳು ಬಿದ್ದಿರುತ್ತದೆ. ತಪ್ಪು ಅವರದ್ದಲ್ಲ.

ಮೊದಲು ನೆಲದ ರಚನೆ ತಿಳಿಯಿರಿ

ಕರಾವಳಿಯ ಹೊಳೆ ಕಣಿವೆಗಳಿಗೆಲ್ಲ ಹೆಚ್ಚು ಕಡಿಮೆ ಒಂದೇ ನಕ್ಷೆ. ಮೇಲೆ ಚಪ್ಪಟೆಯಾದ ಮುರಕಲ್ಲಿನ, ಅಂದರೆ ಕೆಂಪುಕಲ್ಲಿನ, ಪದವು. ಅದರ ಅಂಚಿನಿಂದ ಗೇರು, ರಬ್ಬರ್ ಬೆಳೆದ ಇಳಿಜಾರು. ಬುಡದಲ್ಲಿ ಅಡಿಕೆ ತೋಟ, ಗದ್ದೆಯ ಬೈಲು, ಆಮೇಲೆ ಹೊಳೆ. ಬಜಪೆಯ ವಿಮಾನ ನಿಲ್ದಾಣ ಮೇಜಿನ ಮೇಲಿಟ್ಟಂತೆ ಕೂತಿರುವುದೂ ಇಂಥ ಗುಡ್ಡದ ನೆತ್ತಿಯಲ್ಲೇ. ಮಂಗಳೂರಿನವರು ಫಲ್ಗುಣಿಯ ಕಡೆ, ಬಂಟ್ವಾಳದವರು ನೇತ್ರಾವತಿಯ ಕಡೆ ಇದೇ ಲೆಕ್ಕ ಹಿಡಿದು ಹೊರಡಬಹುದು.

ಮೊಬೈಲಿನಲ್ಲಿ ಉಪಗ್ರಹ ಚಿತ್ರ ತೆರೆದು ಪದವಿನ ಅಂಚನ್ನು ಬೆರಳಲ್ಲಿ ಹಿಂಬಾಲಿಸಿ. ಹುಲ್ಲಿನ ನಡುವೆ ಕೆಂಪು ಗೆರೆ ಕಂಡರೆ ಅದು ಜನ ಓಡಾಡುವ ಸಾದಿ. ಮರದಡಿ ಗೆರೆ ಮಾಯವಾದರೆ ನೇರ ಕೆಳಗೆ ಬೈಲಿನ ಅಂಚಿನಲ್ಲಿ ಅದು ಮತ್ತೆ ಕಾಣುತ್ತದೋ ನೋಡಿ. ಕಂಡರೆ ಇಳಿಯಲು ದಾರಿ ಇದೆ ಎಂದೇ ಅರ್ಥ. ಚೌಕಾಕಾರದ ಕಪ್ಪು ಅಥವಾ ಹಸಿರು ಕಲೆಗಳು ಕಂಡರೆ ಗುರುತು ಹಾಕಿಕೊಳ್ಳಿ. ಅವು ಕೆಂಪುಕಲ್ಲಿನ ಹಳೆಯ ಕೋರೆಗಳು. ಗೋಡೆಯಂತೆ ನೆಟ್ಟಗೆ ಕಡಿದಿರುತ್ತಾರೆ, ಬೇಲಿ ಇರುವುದು ಕಡಿಮೆ. ಮುಳಿಹುಲ್ಲು ಎದೆಮಟ್ಟ ಬೆಳೆದಾಗ ಹತ್ತು ಅಡಿ ದೂರದಿಂದಲೂ ಕಾಣುವುದಿಲ್ಲ. ಈ ಕಾರಣಕ್ಕೇ ಹೊಸ ಪದವಿನಲ್ಲಿ ಮೊದಲ ಸಲ ಸೈಕಲ್ ತಳ್ಳಿಕೊಂಡೇ ನಡೆಯಬೇಕು.

ಪೂರ್ವಕ್ಕೆ ಘಟ್ಟದ ಬುಡದ ಆಸೆ ಬೇಡ. ಸೋಮೇಶ್ವರ ಅಭಯಾರಣ್ಯ, ಕುದುರೆಮುಖ ರಾಷ್ಟ್ರೀಯ ಉದ್ಯಾನ ಎರಡರಲ್ಲೂ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಡಿನ ದಾರಿ ಹಿಡಿಯುವಂತಿಲ್ಲ.

ಕೇಳಿಕೊಂಡು ಹೋಗಿ

ನಕ್ಷೆ ಹೇಳದ್ದನ್ನು ದಾರಿಬದಿಯ ಮನೆಯವರು ಹೇಳುತ್ತಾರೆ. ಹಿರಿಯಡ್ಕದ ಕಡೆ ಒಮ್ಮೆ ಅಂಗಳ ಗುಡಿಸುತ್ತಿದ್ದ ಅಜ್ಜಿಯೊಬ್ಬರು ‘ಓಡೆಗ್ ಪೋಪಿನಿ?’ ಎಂದರು. ಎಲ್ಲಿಗೆ ಹೊರಟಿದ್ದೀಯಾ ಎಂದು. ‘ಸುದೆತ ಬರಿಕ್ ಸಾದಿ ಉಂಡಾ ಅಮ್ಮಾ?’ ಎಂದು ಕೇಳಿದೆ. ‘ಉಂಡು, ಆಂಡ ಸೈಕಲ್ ಪೋವಂದ್’ ಎಂಬ ಉತ್ತರ ಬಂತು. ಹೊಳೆಬದಿಗೆ ದಾರಿಯೇನೋ ಇದೆ, ಸೈಕಲ್ ಹೋಗದು. ನಾನು ನಕ್ಕು ಮುಂದೆ ಹೋದೆ. ಇನ್ನೂರು ಮೀಟರ್ ಆಚೆ ದಾರಿಗೆ ಅಡ್ಡವಾಗಿ ಆಳೆತ್ತರ ತೋಡಿದ ಅಗಳು (ಕಂದಕ), ದಾಟಲು ಎರಡು ಅಡಿಕೆ ಮರದ ಸಂಕ. ಸೈಕಲ್ ಹೆಗಲಿಗೇರಿಸಿ ವಾಪಸ್ ಬರುವಾಗ ಅಜ್ಜಿ ಏನೂ ಹೇಳಲಿಲ್ಲ, ಒಂದು ಚೆಂಬು ನೀರು ಕೊಟ್ಟರು.

ದನ ನುಗ್ಗದಂತೆ ದಾರಿಗೆ ಅಡ್ಡ ಕಟ್ಟಿದ ತಡಮೆ ದಾಟಬೇಕಾದರೆ ಇಳಿದು ಸೈಕಲ್ ಎತ್ತಿ ದಾಟಿಸಿ. ಗೇಟು ತೆರೆದರೆ ಮುಚ್ಚಿ. ನಾಗಬನದ, ದೈವದ ಕಟ್ಟೆಯ ಪಕ್ಕದ ಜಾಗದಲ್ಲಿ ದಾರಿ ಇದ್ದರೂ ಸುತ್ತು ಬಳಸಿ. ತೋಟದ ಸುತ್ತ ತಂತಿ ಕಂಡರೆ ಮುಟ್ಟಬೇಡಿ. ಕಾಡುಹಂದಿಗೆಂದು ವಿದ್ಯುತ್ ಹರಿಸಿರಬಹುದು.

ಸೈಕಲ್ ಹದ ಮಾಡುವುದು

ಹೊಸ ಸೈಕಲ್ ಕೊಳ್ಳುವ ಮೊದಲು ಇರುವುದರ ಗಾಳಿ ಇಳಿಸಿ ನೋಡಿ. ರಸ್ತೆಯಲ್ಲಿ ಹಗುರವಾಗಿ ಓಡಲೆಂದು 50 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ತುಂಬಿಸಿಕೊಳ್ಳುವವರೇ ಜಾಸ್ತಿ. ಮುರಕಲ್ಲಿನ ಮೇಲೆ ಅಷ್ಟು ಗಾಳಿಯ ಚಕ್ರ ಚೆಂಡಿನಂತೆ ಪುಟಿಯುತ್ತದೆ. 2.2 ಇಂಚಿನ ಟಯರು, ಒಳಗೆ ಟ್ಯೂಬು, 70 ಕಿಲೋದ ಸವಾರನಾದರೆ ಮುಂದೆ 27, ಹಿಂದೆ 30ರ ಆಸುಪಾಸಿನಿಂದ ಆರಂಭಿಸಿ. ತೀರಾ ಇಳಿಸಿದರೆ ಕಲ್ಲಿನ ಅಂಚಿಗೆ ಬಡಿದು ಟ್ಯೂಬು ರಿಮ್ಮಿನ ನಡುವೆ ಸಿಕ್ಕಿ ಜೋಡಿ ತೂತು ಬೀಳುತ್ತದೆ.

ಮುಂದಿನ ಫೋರ್ಕಿನಲ್ಲಿ ಗಾಳಿಯ ಸಸ್ಪೆನ್ಷನ್ ಇದ್ದರೆ, ನಿಮ್ಮ ತೂಕಕ್ಕೆ ಅದು ಎಷ್ಟು ಕುಗ್ಗುತ್ತದೆಂದು ನೋಡಲು ಅದರ ಕಾಲಿಗೆ ರಬ್ಬರ್ ಬ್ಯಾಂಡ್ ಕಟ್ಟಿ ಮೆಲ್ಲಗೆ ಸೈಕಲ್ ಹತ್ತಿ ಕೂತು ಇಳಿಯಿರಿ. ಒಟ್ಟು 100 ಮಿ.ಮೀ. ಕುಗ್ಗಬಲ್ಲ ಫೋರ್ಕಿನಲ್ಲಿ ಬ್ಯಾಂಡ್ 20 ಮಿ.ಮೀ.ನಷ್ಟು ಸರಿದಿದ್ದರೆ ಸರಿ. ಸ್ಪ್ರಿಂಗಿನದ್ದಾದರೆ ತಲೆಬಿಸಿ ಬೇಡ, ಇದ್ದಂತೆ ಓಡಿಸಿ. ಹೆಲ್ಮೆಟ್, ಕೈಗವಸು, ಒಂದು ಟ್ಯೂಬು, ಪಂಪು, ಎರಡು ಲೀಟರ್ ನೀರು. ನಮ್ಮ ಸೆಕೆಗೆ ಎರಡು ಲೀಟರ್ ಎಂಬುದು ಬರೀ ಬೆಳಗ್ಗಿನ ಲೆಕ್ಕ.

ಹತ್ತುವುದು, ಇಳಿಯುವುದು

ಏರು ಶುರುವಾಗುವ ಮೊದಲೇ ಗೇರ್ ಇಳಿಸಿ. ನಡು ಏರಿನಲ್ಲಿ ಒತ್ತಡದಲ್ಲಿರುವ ಚೈನನ್ನು ಬದಲಿಸಲು ಹೋದರೆ ‘ಕಟಕ್’ ಎನ್ನುತ್ತದೆ, ಅದು ಯಾವಾಗಲೂ ಒಳ್ಳೆಯ ಸದ್ದಲ್ಲ. ಸೀಟಿನ ಮೂತಿಗೆ ಸರಿದು ಎದೆ ಬಗ್ಗಿಸಿದರೆ ಮುಂದಿನ ಚಕ್ರ ಎದ್ದೇಳುವುದಿಲ್ಲ, ಹಿಂದಿನದು ಹಿಡಿತ ಬಿಡುವುದಿಲ್ಲ.

ಇಳಿಯುವಾಗ ಸೀಟು ತಗ್ಗಿಸಿ, ಎದ್ದು ನಿಲ್ಲಿ, ಎರಡೂ ಪೆಡಲು ಒಂದೇ ಮಟ್ಟದಲ್ಲಿರಲಿ, ಮೊಣಕೈ ಹೊರಕ್ಕೆ. ಕಣ್ಣು ಚಕ್ರದ ಮೇಲಲ್ಲ, ಐದಾರು ಮೀಟರ್ ಮುಂದೆ. ಮುಂದಿನ ಬ್ರೇಕಿಗೆ ಹೆದರುವವರು ಹಿಂದಿನದನ್ನೇ ಒತ್ತಿ ಜಾರುತ್ತಾರೆ. ಸೈಕಲ್ಲನ್ನು ನಿಜವಾಗಿ ನಿಲ್ಲಿಸುವುದು ಮುಂದಿನದೇ. ಒಂದು ಬೆರಳಲ್ಲಿ, ಹಿಂಡದೆ, ನೇರವಿರುವಾಗ. ತಿರುವಿನೊಳಗೆ ಹೊಕ್ಕ ಮೇಲೆ ಕೆಂಪು ಹರಳುಗಲ್ಲಿನ ಮೇಲೆ ಅದನ್ನು ಹಿಡಿದರೆ ಮೊಣಕೈ ಸಿಪ್ಪೆ ಕಿತ್ತುಹೋಗುತ್ತದೆ.

ಮೊದಲ ಇಳಿತ ಕಲಿಯಲು ರಬ್ಬರ್ ತೋಟದಷ್ಟು ಒಳ್ಳೆಯ ಜಾಗ ಇಲ್ಲ, ಮಾಲೀಕರು ಒಪ್ಪಿದರೆ. ಗುಡ್ಡಕ್ಕೆ ಅಡ್ಡಲಾಗಿ ಕಡಿದ ಮೆಟ್ಟಿಲಿನಂಥ ಪಟ್ಟಿಗಳು ಒಳಮುಖವಾಗಿ ವಾಲಿರುತ್ತವೆ, ಚಕ್ರ ತಾನಾಗಿ ಗುಡ್ಡದ ಕಡೆಗೆ ಒರಗುತ್ತದೆ. ಪಟ್ಟಿಯ ನಡುವೆ ನೀರು ಇಂಗಲು ತೋಡಿದ ಗುಂಡಿ ತರಗೆಲೆಯಡಿ ಮುಚ್ಚಿರಬಹುದು, ಅದೊಂದು ನೆನಪಿರಲಿ. ಟ್ಯಾಪಿಂಗ್ ಮಾಡುವವರು ಬೆಳಗಿನ ಜಾವದಿಂದಲೇ ಅಲ್ಲಿರುತ್ತಾರೆ, ಅವರ ಕೆಲಸ ಮುಗಿದ ಮೇಲೆ ಹೋಗಿ. ಗೇರು ತೋಟ ಇದಕ್ಕೆ ತದ್ವಿರುದ್ಧ. ಮಾರ್ಚ್ ಹೊತ್ತಿಗೆ ಒಣಗಿದ ಎಲೆಯ ಮೇಲೆ ಚಕ್ರ ಎಣ್ಣೆ ಚೆಲ್ಲಿದ ನೆಲದಲ್ಲಿ ಹೋದಂತೆ ಹೋಗುತ್ತದೆ. ಆಗ ಬೀಜ ಹೆಕ್ಕುವವರೂ ಇರುತ್ತಾರೆ. ಆ ಕಾಲ ಮುಗಿಯುವವರೆಗೆ ಅದನ್ನು ಬಿಟ್ಟುಬಿಡುವುದೇ ಲೇಸು.

ಯಾವ ತಿಂಗಳು?

ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಸುರಿಯುವ ಊರಿದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಾದಿಗಳೇ ನೀರು ಹರಿಯುವ ತೋಡುಗಳಾಗಿರುತ್ತವೆ. ಮಳೆ ನಿಂತ ಕೂಡಲೇ ಹೊರಡುವುದು ಇನ್ನೂ ದೊಡ್ಡ ತಪ್ಪು. ಪಾದೆಯ (ಹಾಸುಬಂಡೆಯ) ಮೇಲೆ ಕಪ್ಪಗೆ ಒಣಗಿದಂತೆ ಕಾಣುವ ಪಾಚಿ, ಬೆಳಗ್ಗಿನ ಇಬ್ಬನಿಗೆ ಸಾಬೂನಾಗುತ್ತದೆ. ನವರಾತ್ರಿ ರಜೆಯಲ್ಲಿ ಅದರ ಮೇಲೆ ಬಿದ್ದ ನನ್ನ ಎಡ ಮಣಿಕಟ್ಟು ಸರಿಯಾಗಲು ದೀಪಾವಳಿ ಕಳೆಯಬೇಕಾಯಿತು. ದೀಪಾವಳಿಯಿಂದ ಶಿವರಾತ್ರಿಯವರೆಗೆ ಎಂದಿಟ್ಟುಕೊಳ್ಳಿ.

ಹೊಳೆ ದಾಟುವ ಮುನ್ನ

ಇದರಲ್ಲೇ ಹೊಸಬರು ಎಡವುವುದು. ನವೆಂಬರಿನಲ್ಲಿ ಮೊಣಕಾಲವರೆಗಿನ ನೀರಲ್ಲಿ ಸೈಕಲ್ ತಳ್ಳಿ ದಾಟಿದ ತೋಡು, ಜನವರಿಯಲ್ಲಿ ಹೋದರೆ ಕೆರೆಯಾಗಿ ಕೂತಿರುತ್ತದೆ. ಮಳೆ ಬಂದದ್ದಲ್ಲ. ಕೆಳಗೆಲ್ಲೋ ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕಿದ್ದಾರೆ. ಮಳೆ ಕಡಿಮೆಯಾದ ಮೇಲೆ ಹಲಗೆ ಜೋಡಿಸಿ ನೀರು ನಿಲ್ಲಿಸುತ್ತಾರೆ, ಮುಂಗಾರಿಗೆ ಮುಂಚೆ ತೆಗೆಯುತ್ತಾರೆ. ಕಡಲಿನ ಹತ್ತಿರದಲ್ಲಾದರೆ ಉಪ್ಪುನೀರು ಮೇಲೇರದಂತೆಯೂ ಇದೇ ಹಲಗೆ ತಡೆಯುತ್ತದೆ. ಒಳ್ಳೆಯ ಸುದ್ದಿಯೆಂದರೆ, ಎಷ್ಟೋ ಅಣೆಕಟ್ಟುಗಳ ಮೇಲೇ ನಡೆದು ದಾಟುವಷ್ಟು ಅಗಲದ ಕಾಂಕ್ರೀಟ್ ಇರುತ್ತದೆ. ಇಳಿದು ತಳ್ಳಿ. ಹಲಗೆಯ ಮೇಲೆ ಕಾಲಿಡಬೇಡಿ.

ಸವಾರಿ ಮುಗಿಸಿ ಮನೆ ತಲುಪಿದ ಮೇಲೆ, ಬನ್ಸ್ ತಿಂದ ಕೈ ತೊಳೆದು, ಚೈನನ್ನು ಒಣ ಬಟ್ಟೆಯಲ್ಲಿ ಒರೆಸಿ ಎಣ್ಣೆ ಬಿಡಿ. ನಮ್ಮ ಉಪ್ಪು ಗಾಳಿಗೆ ಒಂದೇ ವಾರದಲ್ಲಿ ತುಕ್ಕು ಹಿಡಿಯುತ್ತದೆ. ಆಮೇಲೆ ಫೋನಿನ ನಕ್ಷೆಯಲ್ಲಿ ಓಡಿಸಿದ ದಾರಿಯ ಹೆಸರಿನ ಜೊತೆ ತಿಂಗಳನ್ನೂ ಬರೆದಿಡಿ. ನನ್ನ ನಕ್ಷೆಯಲ್ಲಿ ಆ ಅಜ್ಜಿಯ ಮನೆ ಇರುವಲ್ಲಿ ‘ಸೈಕಲ್ ಪೋವಂದ್, ಡಿಸೆಂಬರ್’ ಎಂದಿದೆ.