ಒಂದು ಹಿಡಿ ಕಪ್ಪಕ್ಕಿ, ಪಾತ್ರೆ ತುಂಬ ನೇರಳೆ ಅನ್ನ

ಕೊರಿಯನ್ ಧಾರಾವಾಹಿಗಳ ಊಟದ ದೃಶ್ಯಗಳಲ್ಲಿ ಸಣ್ಣ ಸ್ಟೀಲು ಬಟ್ಟಲಿನ ಮುಚ್ಚಳ ತೆಗೆದಾಗ ಒಮ್ಮೊಮ್ಮೆ ಬಿಳಿಯ ಬದಲು ನೇರಳೆ ಬಣ್ಣದ ಅನ್ನ ಕಾಣುತ್ತದೆ. ಅದನ್ನು ಮನೆಯಲ್ಲಿ ಮಾಡಲು ಹೊರಟವರು ಸಾಮಾನ್ಯವಾಗಿ ಮಾಡುವ ಮೊದಲ ತಪ್ಪೆಂದರೆ ಅಂಗಡಿಯಿಂದ ಕಪ್ಪಕ್ಕಿ ತಂದು ಅದೊಂದನ್ನೇ ಬೇಯಿಸುವುದು. ಆಗ ಸಿಗುವುದು ಕಡುಗಪ್ಪು ಬಣ್ಣದ, ಅಗಿದಷ್ಟೂ ಮುಗಿಯದ ಅನ್ನ. ಅದು ಕೆಟ್ಟ ಅನ್ನವೇನಲ್ಲ, ಆದರೆ ಕೊರಿಯನ್ನರ ಹುಕ್‌ಮಿಬಾಪ್ ಅದಲ್ಲ. ‘ಹುಕ್’ ಎಂದರೆ ಕಪ್ಪು, ‘ಮಿ’ ಎಂದರೆ ಅಕ್ಕಿ, ‘ಬಾಪ್’ ಎಂದರೆ ಅನ್ನ. ಹೆಸರಿನಲ್ಲಿ ಕಪ್ಪಕ್ಕಿ ಇದ್ದರೂ ಪಾತ್ರೆಯೊಳಗೆ ಬಹುಪಾಲು ಇರುವುದು ಬಿಳಿ ಅಕ್ಕಿಯೇ. ಒಂದು ಕಪ್ ಬಿಳಿ ಅಕ್ಕಿಗೆ ಒಂದು ದೊಡ್ಡ ಚಮಚ ಕಪ್ಪಕ್ಕಿ ಬೆರೆಸಿದರೆ ಸಾಕು, ಉಳಿದ ಕೆಲಸವನ್ನು ನೀರು ಮಾಡುತ್ತದೆ.

ಇಷ್ಟು ಸ್ವಲ್ಪ ಅಕ್ಕಿ ಇಡೀ ಪಾತ್ರೆಗೆ ಬಣ್ಣ ಕೊಡುವುದು ಹೇಗೆ ಎಂಬುದನ್ನು ತಿಳಿದುಕೊಂಡರೆ ಮುಂದಿನ ಹಂತಗಳೆಲ್ಲ ತಾವಾಗಿಯೇ ಅರ್ಥವಾಗುತ್ತವೆ. ಕಪ್ಪಕ್ಕಿಯ ಒಂದು ಕಾಳನ್ನು ಉಗುರಿನಿಂದ ಕೆರೆದು ಅಥವಾ ಮುರಿದು ನೋಡಿ: ಒಳಗೆ ಅದೂ ಬಿಳಿಯೇ. ಬಣ್ಣವಿರುವುದು ಹೊರಗಿನ ತೌಡಿನ ಪದರದಲ್ಲಿ ಮಾತ್ರ. ನೇರಳೆ ಹಣ್ಣು ತಿಂದಾಗ ನಾಲಿಗೆಗೆ ಹತ್ತುವ ಆಂಥೋಸಯನಿನ್ ಎಂಬ ವರ್ಣದ್ರವ್ಯಗಳ ಗುಂಪಿಗೇ ಈ ಬಣ್ಣವೂ ಸೇರಿದ್ದು, ನೀರಿನಲ್ಲಿ ಸುಲಭವಾಗಿ ಕರಗುತ್ತದೆ. ಕಪ್ಪಕ್ಕಿ ನೆನೆದಾಗ ಬಣ್ಣ ನೀರಿಗೆ ಇಳಿಯುತ್ತದೆ, ಆ ನೀರನ್ನು ಬಿಳಿ ಅಕ್ಕಿ ಹೀರಿಕೊಂಡು ತಾನೂ ನೇರಳೆಯಾಗುತ್ತದೆ. ಹೀಗಾಗಿ ಈ ಅಡುಗೆಯಲ್ಲಿ ಮರೆಯಬಾರದ ಮಾತು ಒಂದೇ: ಕಪ್ಪಕ್ಕಿ ನೆನೆದ ನೀರನ್ನು ಚೆಲ್ಲಬಾರದು. ನೆನೆಸಿದಾಗ ನೀರು ಬಣ್ಣವಾಯಿತೆಂದು ಅಕ್ಕಿಗೆ ಬಣ್ಣ ಹಚ್ಚಿ ಮಾರಿದ್ದಾರೆಂದು ಅನುಮಾನಿಸಬೇಕಾಗಿಲ್ಲ. ಬಣ್ಣ ಬಿಡದ ಕಪ್ಪಕ್ಕಿಯೇ ಇರುವುದಿಲ್ಲ. ಮುರಿದ ಕಾಳಿನ ಒಳಭಾಗವೂ ಬಣ್ಣಕ್ಕೆ ತಿರುಗಿದ್ದರೆ ಮಾತ್ರ ಸಂಶಯಪಡಬಹುದು.

ಯಾವ ಅಕ್ಕಿ?

ಕೊರಿಯಾದ ಅನ್ನದ ಗುಣವೇ ಅಂಟು. ಅಲ್ಲಿ ಬೆಳೆಯುವುದು ಜಪೋನಿಕಾ ವರ್ಗದ, ಗಿಡ್ಡ ಮತ್ತು ದುಂಡನೆಯ ಕಾಳಿನ ಅಕ್ಕಿ. ಬೆಂದಾಗ ಕಾಳುಗಳು ಒಂದಕ್ಕೊಂದು ಮೆತ್ತಿಕೊಂಡರೂ ಮುದ್ದೆಯಾಗುವುದಿಲ್ಲ. ನಮ್ಮ ಸೋನಾ ಮಸೂರಿ ಇದಕ್ಕೆ ತೀರ ವಿರುದ್ಧ ಸ್ವಭಾವದ್ದು, ಉದುರುದುರಾಗಿರುವುದೇ ಅದರ ಹೆಚ್ಚುಗಾರಿಕೆ. ದೊಡ್ಡ ಊರುಗಳ ಅಂಗಡಿಗಳಲ್ಲಿಯೂ ಆನ್‌ಲೈನಿನಲ್ಲಿಯೂ ಕೊರಿಯನ್ ಅಕ್ಕಿ ಅಥವಾ ಸುಶಿ ಅಕ್ಕಿ ಎಂಬ ಹೆಸರಿನಲ್ಲಿ ಗಿಡ್ಡ ಕಾಳಿನ ಅಕ್ಕಿ ಸಿಗುತ್ತದೆ. ಒಮ್ಮೆಯಾದರೂ ಅದರಲ್ಲಿ ಮಾಡಿ ನೋಡುವುದು ಒಳ್ಳೆಯದು. ಅದು ಸಿಗದಿದ್ದರೆ ಸೋನಾ ಮಸೂರಿಯಲ್ಲೇ ಮಾಡಬಹುದು. ಬಣ್ಣ ಚೆನ್ನಾಗಿಯೇ ಬರುತ್ತದೆ, ಅಂಟು ಬರುವುದಿಲ್ಲ. ಕುಚ್ಚಲಕ್ಕಿಯನ್ನಂತೂ ಬಳಸಬೇಡಿ, ಅದರ ಬಣ್ಣ ಮತ್ತು ಪರಿಮಳಗಳೆರಡೂ ಇಲ್ಲಿ ಅಡ್ಡ ಬರುತ್ತವೆ.

ಕಪ್ಪಕ್ಕಿಯ ವಿಷಯದಲ್ಲಿ ನಮಗೆ ಅಷ್ಟು ಕಷ್ಟವಿಲ್ಲ. ಕೊರಿಯಾದಲ್ಲಿ ನೈಋತ್ಯದ ಜಿಂದೋ ದ್ವೀಪದ ಕಪ್ಪಕ್ಕಿ ಹೆಸರುವಾಸಿ. ಭಾರತದಲ್ಲಿ 2020ರಲ್ಲಿ ಭೌಗೋಳಿಕ ಸೂಚ್ಯಂಕ ಪಡೆದ ಮಣಿಪುರದ ಚಾಕ್‌ಹಾವೊ ಇದೆ, ತಮಿಳುನಾಡಿನ ಕರುಪ್ಪು ಕವುನಿ ಇದೆ, ಕರ್ನಾಟಕದ ಸಾವಯವ ಕೃಷಿಕರಲ್ಲಿಯೂ ಕಪ್ಪಕ್ಕಿ ಬೆಳೆಯುವವರಿದ್ದಾರೆ. ಈ ಅಡುಗೆಗೆ ನನ್ನ ಆಯ್ಕೆ ಚಾಕ್‌ಹಾವೊ, ಏಕೆಂದರೆ ಅದರಲ್ಲಿ ಸಹಜವಾದ ಅಂಟೂ ಇದೆ, ಪರಿಮಳವೂ ಇದೆ. ಆದರೆ ನಮ್ಮ ಕಪ್ಪಕ್ಕಿಗಳ ಕಾಳು ಬೇಯುವುದು ನಿಧಾನ. ಹಾಗಾಗಿ ಅವನ್ನು ಹೆಚ್ಚು ಹೊತ್ತು ನೆನೆಸಬೇಕು.

ಅಳತೆ ಮತ್ತು ನೆನೆಸುವಿಕೆ

ಮೂರು ಜನರ ಊಟಕ್ಕೆ 300 ಗ್ರಾಂ ಗಿಡ್ಡ ಕಾಳಿನ ಬಿಳಿ ಅಕ್ಕಿ ಬೇಕು. ಎಲೆಕ್ಟ್ರಿಕ್ ರೈಸ್ ಕುಕ್ಕರಿನ ಜೊತೆ ಬರುವ 180 ಮಿಲಿಲೀಟರ್ ಕಪ್ಪಿನಲ್ಲಿ ಇದು ಎರಡು ಕಪ್ ಆಗುತ್ತದೆ. ಕಪ್ಪಕ್ಕಿ ಎರಡು ದೊಡ್ಡ ಚಮಚ, ಅಂದರೆ ಸುಮಾರು 25 ಗ್ರಾಂ. ಬಣ್ಣ ಇನ್ನಷ್ಟು ಗಾಢವಾಗಿರಲಿ ಎನ್ನುವವರು ಮೂರು ಚಮಚ ಹಾಕಬಹುದು. ಅದಕ್ಕಿಂತ ಹೆಚ್ಚಿಸಿದರೆ ನೇರಳೆ ಹೋಗಿ ಕಪ್ಪಾಗುತ್ತದೆ. ಉಪ್ಪು, ಎಣ್ಣೆ, ತುಪ್ಪ ಯಾವುದೂ ಬೇಡ. ಕೊರಿಯನ್ನರು ದಿನನಿತ್ಯದ ಅನ್ನಕ್ಕೆ ಉಪ್ಪು ಹಾಕುವುದಿಲ್ಲ, ಉಪ್ಪು ಖಾರಗಳೆಲ್ಲ ಪಕ್ಕದ ಬಟ್ಟಲುಗಳಲ್ಲಿರುತ್ತವೆ.

ಮೊದಲು ಕಪ್ಪಕ್ಕಿಯನ್ನು ಬೇರೆ ಬಟ್ಟಲಿಗೆ ಹಾಕಿ, ಒಮ್ಮೆ ಮಾತ್ರ, ಧೂಳು ಹೋಗುವಷ್ಟು, ಉಜ್ಜದೆ ಬೇಗ ತೊಳೆದು ನೀರು ಬಗ್ಗಿಸಿ. ಅನಂತರ 100 ಮಿಲಿಲೀಟರ್ ಉಗುರುಬೆಚ್ಚಗಿನ ಕುಡಿಯುವ ನೀರು ಹಾಕಿ ಕನಿಷ್ಠ ಎರಡು ಗಂಟೆ ನೆನೆಯಲು ಬಿಡಿ. ಚಾಕ್‌ಹಾವೊ ಅಥವಾ ಕವುನಿಯಾದರೆ ಹಿಂದಿನ ರಾತ್ರಿಯೇ ನೆನೆಹಾಕಿ ಫ್ರಿಜ್ಜಿನಲ್ಲಿಡುವುದು ಲೇಸು. ಹೆಚ್ಚಿನವರು ಎರಡೂ ಅಕ್ಕಿಗಳನ್ನು ಒಟ್ಟಿಗೆ ಬೆರೆಸಿಯೇ ತೊಳೆದು ನೆನೆಸುತ್ತಾರೆ. ಹಾಗೆ ಮಾಡಿದಾಗ ಬಿಳಿ ಅಕ್ಕಿಯ ಹಿಟ್ಟು ಬಿಡಿಸಲು ಮೂರು ನಾಲ್ಕು ಸಲ ನೀರು ಬದಲಿಸಬೇಕಾಗುತ್ತದೆ, ಪ್ರತಿ ಸಲವೂ ಒಂದಿಷ್ಟು ನೇರಳೆ ಬಣ್ಣ ಮೋರಿಯ ಪಾಲಾಗುತ್ತದೆ. ಬೇರೆ ಬೇರೆ ನೆನೆಸುವುದಕ್ಕೆ ಒಂದು ಬಟ್ಟಲು ಹೆಚ್ಚು ತೊಳೆಯಬೇಕು ಎಂಬುದನ್ನು ಬಿಟ್ಟರೆ ಬೇರೆ ನಷ್ಟವಿಲ್ಲ.

ಬಿಳಿ ಅಕ್ಕಿಯನ್ನು ಒಲೆ ಹಚ್ಚುವುದಕ್ಕೆ ಮುಕ್ಕಾಲು ಗಂಟೆ ಮೊದಲು ತೊಳೆದರೆ ಸಾಕು. ಮೊದಲ ನೀರನ್ನು ಹಾಕಿದ ಕೂಡಲೇ ಬಗ್ಗಿಸಿಬಿಡಿ. ಒಣ ಅಕ್ಕಿ ಮೊದಲ ನೀರನ್ನೇ ಬಹಳ ಬೇಗ ಹೀರುವುದರಿಂದ, ತಡಮಾಡಿದರೆ ತೌಡಿನ ವಾಸನೆಯೂ ಒಳಗೆ ಹೋಗುತ್ತದೆ. ಆಮೇಲೆ ಬೆರಳುಗಳಿಂದ ಮೆಲ್ಲಗೆ ಆಡಿಸುತ್ತ, ನೀರು ಬಹುಮಟ್ಟಿಗೆ ತಿಳಿಯಾಗುವವರೆಗೆ ಮೂರು ನಾಲ್ಕು ಸಲ ತೊಳೆಯಿರಿ. ನಮ್ಮ ಹಳ್ಳಿಗಳಲ್ಲಿ ಅಕ್ಕಚ್ಚು ದನದ ಬಾನಿಗೆ ಹೋಗುವಂತೆ, ಕೊರಿಯಾದಲ್ಲಿ ಎರಡನೆಯ ಅಥವಾ ಮೂರನೆಯ ಸಲದ ಅಕ್ಕಚ್ಚನ್ನು ಎತ್ತಿಟ್ಟು ಸೋಯಾ ಹುದುಗಿನ ಸಾರುಗಳಿಗೆ ಬಳಸುತ್ತಾರೆ, ಅದು ಸಾರನ್ನು ತುಸು ಮಂದಗೊಳಿಸುತ್ತದೆ. ತೊಳೆದ ಅಕ್ಕಿಯನ್ನು ಅರ್ಧ ಗಂಟೆ ನೀರಿನಲ್ಲಿ ನೆನೆಸಿ, ಅನಂತರ ಜರಡಿಗೆ ಸುರಿದು ಹತ್ತು ನಿಮಿಷ ಬಸಿಯಲು ಬಿಡಿ.

ಒಲೆಯ ಮೇಲೆ

ದಪ್ಪ ತಳದ, ಬಿಗಿಯಾದ ಮುಚ್ಚಳವಿರುವ ಪಾತ್ರೆ ಆರಿಸಿಕೊಳ್ಳಿ. ಕೊರಿಯಾದಲ್ಲಿ ಹಿಂದೆ ಗಾಮಾಸೊತ್ ಎಂಬ ಎರಕದ ಕಬ್ಬಿಣದ ಹಂಡೆಯಲ್ಲಿ ಅನ್ನ ಮಾಡುತ್ತಿದ್ದರು. ಅದರ ಭಾರವಾದ ಮುಚ್ಚಳವೇ ಹಬೆಯನ್ನು ಒಳಗೆ ಹಿಡಿದಿಡುತ್ತಿತ್ತು. ನಿಮ್ಮ ಮುಚ್ಚಳ ಸಡಿಲವಾಗಿದ್ದರೆ ಅದರ ಮೇಲೊಂದು ರುಬ್ಬುಗುಂಡೋ ನೀರು ತುಂಬಿದ ಚೊಂಬೋ ಇಟ್ಟರೆ ಆಯಿತು.

ಬಸಿದ ಬಿಳಿ ಅಕ್ಕಿಯನ್ನು ಪಾತ್ರೆಗೆ ಹಾಕಿ, ಕಪ್ಪಕ್ಕಿಯನ್ನು ಅದು ನೆನೆದ ನೀರಿನೊಂದಿಗೇ ಸುರಿದು, ಮೇಲೆ ಇನ್ನೂ 300 ಮಿಲಿಲೀಟರ್ ನೀರು ಹಾಕಿ ಒಮ್ಮೆ ಕಲಕಿ. ಸೋನಾ ಮಸೂರಿಯಾದರೆ ಈ 300ರ ಬದಲು 450 ಬೇಕಾಗುತ್ತದೆ. ಹಳೆಯ ಅಕ್ಕಿಯಾದರೆ ಇನ್ನೂ ಸ್ವಲ್ಪ ಹೆಚ್ಚು. ಅಳತೆಯ ಪಾತ್ರೆಯಿಲ್ಲದ ಕೊರಿಯನ್ ಅಜ್ಜಿಯರು ಅಂಗೈಯನ್ನು ಅಕ್ಕಿಯ ಮೇಲೆ ಚಪ್ಪಟೆಯಾಗಿ ಇಟ್ಟು, ನೀರು ಮುಂಗೈಯ ಮೇಲೆ ಎಷ್ಟು ಬಂತೆಂದು ನೋಡುತ್ತಾರೆ. ನಮ್ಮ ಮನೆಗಳಲ್ಲಿ ಬೆರಳಿನ ಗೆಣ್ಣು ಲೆಕ್ಕ ಮಾಡುವಂತೆಯೇ ಅದು, ಆದರೆ ಕಣ್ಣಳತೆ ಕೂಡಿಬರಲು ನಾಲ್ಕಾರು ಸಲ ಕೈಕೆಡಬೇಕು.

ಮುಚ್ಚಳ ಮುಚ್ಚಿ ಮಧ್ಯಮಕ್ಕಿಂತ ತುಸು ಹೆಚ್ಚಿನ ಉರಿಯಲ್ಲಿಡಿ. ಐದಾರು ನಿಮಿಷಗಳಲ್ಲಿ ಕುದಿ ಬಂದು ನೇರಳೆ ನೊರೆ ಉಕ್ಕತೊಡಗುತ್ತದೆ. ಆಗ ಮುಚ್ಚಳ ತೆಗೆದು ತಳದಿಂದ ಒಮ್ಮೆ ಕಲಕಿ, ಕಪ್ಪು ಕಾಳುಗಳು ಎಲ್ಲ ಕಡೆ ಹರಡಿಕೊಳ್ಳುವಂತೆ ಮಾಡಿ, ಮತ್ತೆ ಮುಚ್ಚಿ, ಉರಿಯನ್ನು ಆದಷ್ಟು ಸಣ್ಣದು ಮಾಡಿ. ಇಲ್ಲಿಂದ ಹನ್ನೆರಡು ನಿಮಿಷ ಮುಚ್ಚಳ ತೆಗೆಯಬಾರದು. ಗಂಜಿ ಬಸಿಯುವ ಅಭ್ಯಾಸವಿರುವವರಿಗೆ ನಡುವೆ ಒಂದು ಅಗುಳು ಹಿಚುಕಿ ನೋಡದೆ ಸಮಾಧಾನವಾಗುವುದಿಲ್ಲ, ಆದರೆ ಇದು ಇಂಗಿಸಿ ಮಾಡುವ ಅನ್ನ. ಹಬೆ ಹೊರಗೆ ಹೋದಷ್ಟೂ ಮೇಲಿನ ಅಗುಳು ಗಟ್ಟಿಯಾಗಿ ಉಳಿಯುತ್ತದೆ.

ಒಲೆ ಆರಿಸಿದ ಮೇಲಿನ ಹತ್ತು ನಿಮಿಷವೇ ಈ ಅಡುಗೆಯ ಮುಖ್ಯ ಭಾಗ. ಮುಚ್ಚಿದ ಪಾತ್ರೆಯೊಳಗೆ ಉಳಿದ ಹಬೆಯಲ್ಲಿಯೇ ಅಗುಳಿನ ತಿರುಳು ಪೂರ್ತಿ ಬೇಯುವುದಕ್ಕೆ, ಮೇಲಿನ ಮತ್ತು ಕೆಳಗಿನ ತೇವ ಒಂದೇ ಸಮನಾಗುವುದಕ್ಕೆ ಕೊರಿಯನ್ ಭಾಷೆಯಲ್ಲಿ ‘ತುಮ್’ ಎಂಬ ಪ್ರತ್ಯೇಕ ಪದವೇ ಇದೆ. ಹೇಳಬೇಕಾದ್ದನ್ನು ಬೇಗ ಹೇಳದೆ ಎಳೆದಾಡುವ ಮನುಷ್ಯನನ್ನೂ ಅವರು ತುಮ್ ಮಾಡುತ್ತಿದ್ದಾನೆ ಎಂದೇ ಗೇಲಿ ಮಾಡುತ್ತಾರೆ. ಅನ್ನದ ಮಟ್ಟಿಗೆ ಮಾತ್ರ ಈ ಎಳೆದಾಟ ಬೇಕೇ ಬೇಕು. ಹತ್ತು ನಿಮಿಷದ ನಂತರ ಒದ್ದೆ ಮಾಡಿದ ಚಪ್ಪಟೆ ಸೌಟಿನಿಂದ, ಅಗುಳು ಮುರಿಯದಂತೆ, ತಳದಿಂದ ಮೇಲಕ್ಕೆ ಹಗುರವಾಗಿ ತಿರುವಿ ಹಾಕಿ.

ಕುಕ್ಕರಿನಲ್ಲಾದರೆ

ಇಂದಿನ ಕೊರಿಯನ್ ಮನೆಗಳಲ್ಲಿ ಒತ್ತಡದಲ್ಲಿ ಬೇಯಿಸುವ ಎಲೆಕ್ಟ್ರಿಕ್ ಕುಕ್ಕರೇ ಸಾಮಾನ್ಯ. ಹೀಗಾಗಿ ನಮ್ಮ ವಿಸಿಲ್ ಕುಕ್ಕರು ಈ ಅನ್ನಕ್ಕೆ ಪರಕೀಯವೇನಲ್ಲ. ಕಪ್ಪಕ್ಕಿಯ ಗಟ್ಟಿ ತೌಡಿನ ಪದರ ಒತ್ತಡದಲ್ಲಿ ಇನ್ನೂ ಚೆನ್ನಾಗಿ ಮೆತ್ತಗಾಗುತ್ತದೆ. ಅಕ್ಕಿಯನ್ನು ನೇರವಾಗಿ ಕುಕ್ಕರಿಗೆ ಹಾಕಿ, ಮೇಲಿನ ನೀರನ್ನು 270 ಮಿಲಿಲೀಟರಿಗೆ ಇಳಿಸಿ, ಒಂದು ವಿಸಿಲ್ ಬಂದ ಮೇಲೆ ಸಣ್ಣ ಉರಿಯಲ್ಲಿ ಐದು ನಿಮಿಷ ಇಟ್ಟು ಆರಿಸಿ. ಒತ್ತಡ ತಾನಾಗಿ ಇಳಿಯುವವರೆಗೆ ಕಾಯುವುದೇ ಇಲ್ಲಿಯ ತುಮ್. ವಿಸಿಲ್ ಎತ್ತಿ ಹಬೆ ಬಿಡುವ ಅವಸರ ಬೇಡ.

ಬಣ್ಣ ಕೆಟ್ಟರೆ

ನೇರಳೆಯ ಬದಲು ಬೂದಿ ಅಥವಾ ಮಂಕು ನೀಲಿ ಛಾಯೆ ಬಂದರೆ ತಪ್ಪು ಹೆಚ್ಚಾಗಿ ನೀರಿನದು. ಆಂಥೋಸಯನಿನ್ ಹುಳಿಯಲ್ಲಿ ಕೆಂಪಾಗುತ್ತದೆ, ಕ್ಷಾರದಲ್ಲಿ ನೀಲಿಗೆ ತಿರುಗುತ್ತದೆ. ನಮ್ಮ ಹಲವು ಊರುಗಳ ಕೊಳವೆಬಾವಿಯ ಗಡಸು ನೀರು ಕ್ಷಾರದ ಕಡೆಗೇ ವಾಲಿರುತ್ತದೆ. ಅಂಥ ಕಡೆ ಶುದ್ಧೀಕರಿಸಿದ ನೀರು ಬಳಸಿ, ಅಥವಾ ಎರಡು ಹನಿ ನಿಂಬೆರಸ ಬೆರೆಸಿ. ಎರಡೇ ಹನಿ, ಹೆಚ್ಚಾದರೆ ಅನ್ನ ಗುಲಾಬಿಯಾಗುತ್ತದೆ. ಅಡುಗೆ ಸೋಡಾದ ಹತ್ತಿರವಂತೂ ಹೋಗಬೇಡಿ.

ಇದರ ಆರೋಗ್ಯ ಗುಣದ ಬಗ್ಗೆ ಅತಿಯಾಗಿ ಹೇಳುವವರ ಮಾತನ್ನು ನಂಬಬೇಕಿಲ್ಲ. ಬೇಯುವಾಗ ವರ್ಣದ್ರವ್ಯದ ಒಂದು ಭಾಗ ನಾಶವಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಬಟ್ಟಲಿನಲ್ಲಿರುವುದರಲ್ಲಿ ಹತ್ತರಲ್ಲಿ ಒಂಬತ್ತು ಪಾಲಿಗಿಂತಲೂ ಹೆಚ್ಚು ಪಾಲಿಶ್ ಮಾಡಿದ ಬಿಳಿ ಅಕ್ಕಿಯೇ. ಮಧುಮೇಹ ಇರುವವರು ಬಣ್ಣ ನೋಡಿ ಇನ್ನೊಂದು ಸೌಟು ಬಡಿಸಿಕೊಳ್ಳಬಾರದು.

ಕೊರಿಯನ್ನರ ಪಾಲಿಗೆ ಬೆರಕೆ ಅನ್ನದ ನೆನಪು ಬಣ್ಣದ್ದಷ್ಟೇ ಅಲ್ಲ. ಚಾಂದ್ರಮಾನ ವರ್ಷದ ಮೊದಲ ಹುಣ್ಣಿಮೆಯ ದಿನ ಐದು ಧಾನ್ಯಗಳ ಓಗೊಕ್‌ಬಾಪ್ ಮಾಡುವುದು ಅಲ್ಲಿಯ ಹಳೆಯ ಸಂಪ್ರದಾಯ. ಆದರೆ ಅಕ್ಕಿಯ ಕೊರತೆಯಿದ್ದ 1960 ಮತ್ತು 70ರ ದಶಕಗಳಲ್ಲಿ ದಕ್ಷಿಣ ಕೊರಿಯಾದ ಸರ್ಕಾರ ಬಾರ್ಲಿ ಮೊದಲಾದ ಧಾನ್ಯ ಬೆರೆಸಿ ಉಣ್ಣಬೇಕೆಂದು ಒತ್ತಾಯಿಸಿದಾಗ, ಶಾಲೆಗಳಲ್ಲಿ ಶಿಕ್ಷಕರು ಮಕ್ಕಳ ಬುತ್ತಿ ತೆರೆಸಿ ಬರೀ ಬಿಳಿ ಅನ್ನ ತಂದಿದ್ದಾರೆಯೇ ಎಂದು ಪರೀಕ್ಷಿಸುತ್ತಿದ್ದರು. ಹಬ್ಬಕ್ಕಷ್ಟೇ ನೆಲ್ಲಕ್ಕಿ ಅನ್ನ ಕಂಡ, ಉಳಿದ ದಿನ ರಾಗಿ ಮುದ್ದೆ ಉಂಡ ನಮ್ಮ ಬಯಲುಸೀಮೆಯ ಹಿರಿಯರಿಗೆ ಬಿಳಿ ಅನ್ನದ ಆ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ.

ಉಣ್ಣುವಾಗ

ಕೊರಿಯನ್ ಕ್ರಮದಲ್ಲಿ ಅನ್ನದ ಬಟ್ಟಲು ಎಡಕ್ಕೆ, ಸಾರಿನ ಬಟ್ಟಲು ಬಲಕ್ಕೆ. ಅನ್ನವನ್ನು ಚಮಚದಲ್ಲಿ ತಿನ್ನುತ್ತಾರೆ, ಬಟ್ಟಲನ್ನು ಕೈಗೆತ್ತಿಕೊಳ್ಳುವುದಿಲ್ಲ. ಜೊತೆಗೆ ಕಿಮ್ಚಿ ಎಂಬ ಹುದುಗು ಬರಿಸಿದ ಖಾರದ ತರಕಾರಿ, ಎಳ್ಳೆಣ್ಣೆಯಲ್ಲಿ ಕಲಸಿದ ಸೋಯಾ ಮೊಳಕೆ, ಹುರಿದ ಕಡಲಪಾಚಿಯ ಹಾಳೆ ಇದ್ದರೆ ಊಟ ಪೂರ್ತಿಯಾಗುತ್ತದೆ. ಸಸ್ಯಾಹಾರಿಗಳು ಕಿಮ್ಚಿ ಕೊಳ್ಳುವಾಗ ಎಚ್ಚರವಾಗಿರಬೇಕು, ಸಾಮಾನ್ಯ ಕಿಮ್ಚಿಯಲ್ಲಿ ಉಪ್ಪು ಹಾಕಿದ ಸೀಗಡಿ ಅಥವಾ ಮೀನಿನ ರಸ ಇರುತ್ತದೆ. ನಮ್ಮ ತಿಳಿಸಾರಿಗೆ ಈ ಅಂಟು ಅನ್ನ ಹೊಂದುವುದಿಲ್ಲ, ಉಂಡೆಯುಂಡೆಯಾಗಿ ತೇಲುತ್ತದೆ. ಮೊಸರು ಕಲಸಿದರೆ ಮಾತ್ರ ಹುಳಿಗೆ ಬಣ್ಣ ತಿಳಿ ಗುಲಾಬಿಗೆ ತಿರುಗುವುದನ್ನು ಮಕ್ಕಳು ಇಷ್ಟಪಡುತ್ತಾರೆ.

ಉಳಿದ ಅನ್ನವನ್ನು ರಾತ್ರಿಯಿಡೀ ಹೊರಗಿಡಬೇಡಿ. ಆರಿದ ಕೂಡಲೇ ಒಬ್ಬೊಬ್ಬರಿಗೆ ಬೇಕಾದಷ್ಟನ್ನು ಡಬ್ಬಿಗಳಲ್ಲಿ ತುಂಬಿ ಫ್ರೀಜರಿನಲ್ಲಿಡುವುದು ಕೊರಿಯನ್ನರ ರೂಢಿ; ಫ್ರಿಜ್ಜಿನಲ್ಲಿ ಈ ಅನ್ನ ಬೇಗ ಬಿರುಸಾಗುತ್ತದೆ. ಪಾತ್ರೆಯ ತಳಕ್ಕೆ ಅಂಟಿ ಕೆಂಪಗೆ ಸೀದ ಪದರವನ್ನು ಕೆರೆದು ಎಸೆಯಲೂ ಬೇಡಿ. ನುರುಂಗ್ಜಿ ಎಂಬ ಹೆಸರಿನ ಆ ಗರಿಗರಿ ಹಪ್ಪಳೆಯನ್ನು ಹಾಗೆಯೇ ತಿನ್ನಬಹುದು, ಇಲ್ಲವೇ ಅದರ ಮೇಲೆ ಬಿಸಿನೀರು ಸುರಿದು ಎರಡು ನಿಮಿಷ ಕುದಿಸಿ, ಊಟದ ಕೊನೆಯಲ್ಲಿ ಸುಂಗ್ನ್ಯುಂಗ್ ಆಗಿ ಕುಡಿಯಬಹುದು. ಹುರಿದ ಅಕ್ಕಿಯ ಘಮದ ಆ ತೆಳು ನೇರಳೆ ತಿಳಿಗಂಜಿ ಕುಡಿದು ಮುಗಿಯುವ ಹೊತ್ತಿಗೆ ಪಾತ್ರೆಯ ತಳವೂ ಮುಕ್ಕಾಲು ಪಾಲು ಸ್ವಚ್ಛವಾಗಿರುತ್ತದೆ.